ಬಲ ಹೆಗಲಿನ ಸ್ಟಾರ್

ನವೆಂಬರ್ ೬

ಗುಂಡುಸೂಜಿ,

ಮೊದಲು ಬೈಗುಳ, ಆಮೇಲೆ ಕ್ಷೇಮಸಮಾಚಾರ. ಮನೆಯಲ್ಲಿ ಫೋನಿದೆ, ನಿನ್ನ ಜೇಬಿನಲ್ಲೂ ಒಂದಿದೆ. ಹಾಗಿದ್ದೂ ಈ ವಯಸ್ಸಿನಲ್ಲಿ ನನ್ನ ಕೈಗೆ ಪೆನ್ನು ಕೊಡಿಸಿ ಕೂರಿಸಿದ್ದೀಯಲ್ಲ, ನಿನಗೇನೇ ಬಂದಿದೆ ದೊಡ್ಡ ರೋಗ? ಐದನೇ ಕ್ಲಾಸಿನಲ್ಲೇ ಶಾಲೆಗೆ ಕೈಮುಗಿದು ಹೊಲಿಗೆ ಮಿಷನ್ನಿನ ಮುಂದೆ ಕೂತವನು ನಾನು. ಎದೆ, ಸೊಂಟ, ತೋಳು ಎಂದು ಅಳತೆ ಗುರುತು ಹಾಕಿಕೊಂಡದ್ದು ಬಿಟ್ಟರೆ ಬೇರೆ ಬರವಣಿಗೆ ನನಗೆ ಗೊತ್ತಿಲ್ಲ.

"ತಾತ ಕರೆದ್ರೆ ಬರ್ತೀನಿ. ಆದ್ರೆ ಅವರೇ ಬರೆದು ಕರೀಬೇಕು. ನೀನು ಮಧ್ಯೆ ಬಂದು ರಾಜಿ ಮಾಡಿಸೋದು ಬೇಡ" ಎಂದೆಯಂತೆ. ನಿಮ್ಮಮ್ಮ ಬ್ಯಾಂಕಿನಿಂದ ಬಂದವಳು ಚಪ್ಪಲಿಯನ್ನೂ ಬಿಡದೆ ಹಾಳೆ ತಂದು ನನ್ನೆದುರು ಕುಕ್ಕಿದಳು.

"ಬರೀರಿ ಅಪ್ಪ. ಡಿಸೆಂಬರಲ್ಲಿ ಅವಳು ಬೆಟ್ಟದ ಮೇಲಿನ ಮಿಲಿಟರಿ ಠಾಣೆಗೆ ಹೋಗ್ತಾಳೆ. ಅಲ್ಲಿಗೆ ಫೋನೂ ಇಲ್ಲ, ದಾರಿಯೂ ಇಲ್ಲ. ಹಿಮ ಕರಗೋವರೆಗೂ ನಾವು ಬಾಯಿ ಮುಚ್ಕೊಂಡು ಕಾಯ್ಬೇಕು. ಹೋಗೋ ಮುಂಚೆ ಹತ್ತು ದಿನ ರಜೆ ಕೊಟ್ಟಿದ್ದಾರೆ. ಆ ಹತ್ತು ದಿನಾನೂ ನಿಮ್ಮ ಸಿಟ್ಟಿಗೆ ಬಲಿ ಕೊಡಬೇಕಾ ನಾನು?"

ಹಾಳೆ ಮೇಜಿನ ಮೇಲೆ ಬಹಳ ದಿನ ಹಾಗೇ ಬಿದ್ದಿತ್ತು. ತಡವಾಯಿತು, ಕ್ಷಮಿಸು. ಕಾಗದದಲ್ಲಿ ಹಾಗೆ ಬರೆಯಬೇಕಂತೆ, ಬರೆದಿದ್ದೇನೆ.

ಇಲ್ಲಿ ಎಲ್ಲರೂ ಕ್ಷೇಮ. ಅಂಗಡಿ ನಡೆಯುತ್ತಿದೆ. ಬ್ಯಾರಕ್ಕಿನ ಗೇಟು ಅಲ್ಲೇ ಇದೆ, ಸಿಪಾಯಿಗಳು ಬರುತ್ತಾರೆ, ಪ್ಯಾಂಟು ಬಿಗಿ ಮಾಡಿ ಅನ್ನುವವರು, ಸಡಿಲ ಮಾಡಿ ಅನ್ನುವವರು, ಹೊಸ ಪಟ್ಟಿ ಸಿಕ್ಕಿತು ತೋಳಿಗೆ ಹಾಕಿ ಎಂದು ಹಲ್ಲು ಕಿರಿಯುವವರು. ಕತ್ತರಿ ಈಗ ಗೊಣಗಪ್ಪನ ಕೈಯಲ್ಲಿದೆ. ಇಷ್ಟು ವರ್ಷ ನನ್ನ ಕೈಕೆಳಗೆ ಗೊಣಗಿದವನು, ಈಗ ಯಜಮಾನನ ಹಾಗೆ ಗೊಣಗುತ್ತಾನೆ. ನಾನು ಗಲ್ಲಾದಲ್ಲಿ ಕೂತು ಗಿರಾಕಿಗಳನ್ನು ಬೈಯುತ್ತೇನೆ. "ಬೈಯಿರಿ ಯಜಮಾನ್ರೇ, ನೀವು ಬೈಯದೇ ಇದ್ರೆ ಅವರಿಗೆ ಬಟ್ಟೆ ಮೈಗೆ ಕೂರೋದೇ ಇಲ್ಲ" ಅನ್ನುತ್ತಾನೆ ಆ ತಲೆಹರಟೆ.

ನೀನು ಟ್ರೈನಿಂಗಿಗೆ ಹೋದ ಹೊಸದರಲ್ಲಿ ಫೋನ್ ಮಾಡುತ್ತಿದ್ದದ್ದು ನನಗೆ, ನಿಮ್ಮಮ್ಮನಿಗಲ್ಲ. ಅವಳಿಗೆ ಅದೇ ಹೊಟ್ಟೆಕಿಚ್ಚು. ಬೂಟು ಕಚ್ಚಿ ಕಾಲಲ್ಲಿ ಬೊಬ್ಬೆ ಎದ್ದು, ಅದು ಒಡೆದು, ಕಾಲುಚೀಲ ಚರ್ಮಕ್ಕೆ ಅಂಟಿಕೊಂಡ ದಿನ ನೀನು ಫೋನಿನಲ್ಲಿ ಅತ್ತೆ. "ತಾತ, ನಾನು ವಾಪಸ್ ಬಂದ್ಬಿಡ್ತೀನಿ" ಅಂದೆ.

"ಬಾರೇ, ಗುಂಡಿ ಕಾಜಾ ಹೊಲಿಯೋಕೆ ಒಂದಾಳು ಬೇಕಾಗಿತ್ತು" ಅಂದೆ ನಾನು.

ನೀನು ಪಟ್ಟನೆ ಫೋನಿಟ್ಟೆ. ಮರುದಿನ ಅದೇ ಕಾಲಲ್ಲಿ ಎಲ್ಲರ ಜೊತೆ ಓಡಿದೆಯಂತೆ. ನಕ್ಷೆಯನ್ನು ತಲೆಕೆಳಗು ಹಿಡಿದು ಇಡೀ ತಂಡವನ್ನು ಬೇರೆ ಗುಡ್ಡ ಹತ್ತಿಸಿದ್ದನ್ನೂ ನನಗೇ ಮೊದಲು ಹೇಳಿದ್ದು. "ಏನಮ್ಮಾ, ಶತ್ರುಗಳ ಮನೆಗೆ ನೆಂಟರ ಹಾಗೆ ಹೋಗಿ ಕೂರೋಣ ಅಂತಿದ್ಯಾ?" ಎಂದು ನಿಮ್ಮ ಡ್ರಿಲ್ ಮೇಷ್ಟ್ರು ಬೈದು, ಮೈದಾನದ ಈ ತುದಿಯಿಂದ ಆ ತುದಿಗೆ ಉರುಳಿಸಿದರಲ್ಲ, ಅದನ್ನು ಹೇಳುತ್ತಾ ನೀನೂ ನಕ್ಕೆ, ನಾನೂ ನಕ್ಕೆ. ಆಮೇಲೆ ನಾವಿಬ್ಬರೂ ಹಾಗೆ ನಕ್ಕಿಲ್ಲ.

ಟ್ರೈನಿಂಗು ಮುಗಿಯುವ ಮುಂಚೆ ನೀನು ಬಟ್ಟೆ ಕಳಿಸಿದೆ. "ಕೊನೇ ದಿನದ ಯೂನಿಫಾರ್ಮು ನಿಮ್ಮ ಕೈಯದೇ ಆಗಬೇಕು ತಾತ, ಇಲ್ಲಿ ಮೇಲಿನವರನ್ನ ಕೇಳಿ ಒಪ್ಪಿಗೆ ತಗೊಂಡಿದ್ದೀನಿ" ಅಂದೆ. ಕೆಲವು ದಿನ ಬಿಟ್ಟು ನಾನು ಏನಂದೆ? "ಈ ಬಟ್ಟೆ ಗೋಣಿಚೀಲಕ್ಕೂ ಲಾಯಕ್ಕಿಲ್ಲ. ನನಗೆ ಪುರುಸೊತ್ತೂ ಇಲ್ಲ. ಅಲ್ಲೇ ಯಾರ ಹತ್ತಿರವಾದ್ರೂ ಹೊಲಿಸ್ಕೋ" ಅಂದೆ. ನೀನು ಒಂದು ಮಾತೂ ಆಡದೆ ಬೇರೆ ಬಟ್ಟೆ ಕೊಂಡು ಅಲ್ಲೇ ಹೊಲಿಸಿಕೊಂಡೆ. ನೀನು ಜಗಳವಾಡಿದ್ದರೆ ಚೆನ್ನಾಗಿತ್ತು.

ಇನ್ನು ಆ ದಿನದ ವಿಷಯ. ಅದನ್ನು ಬರೆಯದೆ ಬೇರೆ ಏನು ಬರೆದರೂ ನೀನು ಹಾಳೆ ಹರಿದು ಬಿಸಾಡುತ್ತೀಯ ಅಂತ ಗೊತ್ತು. ಕವಾಯತು ಮುಗಿಯಿತು. ನೀವೆಲ್ಲ ಸಾಲಾಗಿ ನಿಂತಿರಿ. ತಂದೆತಾಯಿಗಳು ಬಂದು ಮಕ್ಕಳ ಹೆಗಲಿಗೆ ಸ್ಟಾರ್ ಹಾಕಬೇಕು, ಅಲ್ಲಿಗೆ ಆಫೀಸರಾದ ಹಾಗೆ, ಅದು ನಿಮ್ಮಲ್ಲಿಯ ಪದ್ಧತಿ. ಅಪ್ಪನನ್ನು ಎಳವೆಯಲ್ಲೇ ಕಳೆದುಕೊಂಡ ನೀನು ಎಡ ಹೆಗಲು ಅಮ್ಮನಿಗೆ, ಬಲ ಹೆಗಲು ತಾತನಿಗೆ ಎಂದು ಮೊದಲೇ ಹೇಳಿಟ್ಟಿದ್ದೆ. ನಿಮ್ಮಮ್ಮ ಕಣ್ಣೀರು ಸುರಿಸುತ್ತಲೇ ತನ್ನ ಪಾಲಿನದನ್ನು ಹಾಕಿದಳು. ನಾನು ಅಂಗೈಯಲ್ಲಿ ಸ್ಟಾರ್ ಹಿಡಿದು ನಿನ್ನೆದುರು ಬಂದೆ. ನೀನು ನೆಟ್ಟಗೆ ನಿಂತೇ ಕಣ್ಣಲ್ಲಿ ನಕ್ಕೆ. ನಾನು ನಿನ್ನ ಹೆಗಲು ನೋಡಿದೆ, ನೋಡಿ ಕೂಗಿದೆ.

"ಈ ಭುಜಪಟ್ಟಿ ಹೊಲಿದ ಕತ್ತೆ ಯಾವನು? ಇಂಥ ಹೊಲಿಗೆ ಮೇಲೆ ನಾನು ಕೈ ಇಡಲ್ಲ!"

ಸ್ಟಾರನ್ನು ನಿಮ್ಮಮ್ಮನ ಕೈಗೆ ತುರುಕಿ ಹೊರಟೆ. ಕುರ್ಚಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ನಿಮ್ಮಮ್ಮನಿಗೆ ಕೈಕಾಲೇ ಆಡಲಿಲ್ಲವಂತೆ. ಕೊನೆಗೆ ಅದೇ ಡ್ರಿಲ್ ಮೇಷ್ಟ್ರು ಬಂದು ಬಲ ಹೆಗಲಿಗೆ ಸ್ಟಾರ್ ಹಾಕಿದರಂತೆ. ನಾನು ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತಿದ್ದೆ. ನೀನು ಹುಡುಕಿಕೊಂಡು ಬಂದು ಬೈಯುತ್ತೀಯ ಎಂದುಕೊಂಡಿದ್ದೆ. ನೀನು ಬರಲಿಲ್ಲ.

ಆ ಹೊಲಿಗೆ ಕೆಟ್ಟದಾಗಿತ್ತು, ಈಗಲೂ ಅದೇ ಹೇಳುತ್ತೇನೆ. ಆದರೆ ಅಷ್ಟು ಜನರೆದುರು ಕೂಗಬಾರದಿತ್ತು. ನನ್ನ ಬಾಯಿ ಸರಿಯಿಲ್ಲ. ನಿಮ್ಮಜ್ಜಿ ಇದ್ದಿದ್ದರೆ ಅಲ್ಲೇ ನನಗೆರಡು ಬಿಗಿಯುತ್ತಿದ್ದಳು.

ಅವತ್ತಿನಿಂದ ನೀನು ನಿಮ್ಮಮ್ಮನಿಗೆ ಮಾತ್ರ ಫೋನ್ ಮಾಡುತ್ತೀಯ. ಮಾಡು. ಅವಳು ಸ್ಪೀಕರ್ ಹಾಕಿಕೊಂಡು ಪಾತ್ರೆ ತೊಳೆಯುತ್ತಾಳೆ, ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತೇನೆ. ನಾಚಿಕೆ ಏನಿಲ್ಲ, ಮನೆ ನನ್ನದು. ಹೊಸ ಆಫೀಸರು ಮೊದಲ ಕೆಲವು ವಾರ ಸಿಪಾಯಿಗಳ ಮಧ್ಯೆಯೇ ಇದ್ದು, ಅವರ ಅಡುಗೆಮನೆಯಲ್ಲೇ ಉಂಡು, ಅವರ ಹಾಗೇ ಕಾವಲು ನಿಲ್ಲಬೇಕು ಅಂತ ಗೊತ್ತಾದದ್ದು ಹಾಗೆ. ನಿಮ್ಮಮ್ಮನಿಗಿಂತ ವಯಸ್ಸಾದ ಒಬ್ಬ ಹವಾಲ್ದಾರ ನಿನಗೆ ಹೇಳಿದನಂತೆ: "ಮೇಡಂ, ನೀವು ಆರ್ಡರ್ ಕೊಡೋದು ಕ್ಷಮೆ ಕೇಳ್ದಂಗಿರತ್ತೆ. ಸ್ವಲ್ಪ ಬೈದು ಕೊಡಿ, ನಮ್ಗೂ ಅಭ್ಯಾಸ ತಪ್ಪಬಾರ್ದು."

ನೀನು ಅವನಿಗೆ, "ಬೈಯೋದು ಕಲೀಬೇಕಾಗಿಲ್ಲ ಹವಾಲ್ದಾರ್, ನಮ್ಮನೇಲಿ ಅದಕ್ಕೇ ಒಬ್ರಿದ್ದಾರೆ" ಅಂದೆಯಂತೆ. ಆ ದಿನ ನಾನು ಬಾಗಿಲ ಹಿಂದೆ ನಿಂತು ನಕ್ಕದ್ದು ಕೇಳಿಸಿ ನಿಮ್ಮಮ್ಮ ನಲ್ಲಿ ನಿಲ್ಲಿಸಿದಳು. ನಾನು ಕೆಮ್ಮಿದ ಹಾಗೆ ಮಾಡಿ ಒಳಗೆ ಹೋದೆ.

ಇನ್ನೊಂದು ದಿನದ ಮಾತು ಬೇರೆ. ನಿನ್ನ ಕೈಕೆಳಗಿನ ಹುಡುಗನೊಬ್ಬನ ತಾಯಿ ತೀರಿಕೊಂಡ ಸುದ್ದಿ ಬಂತು. ಅದನ್ನು ಅವನಿಗೆ ನೀನೇ ಹೇಳಬೇಕಾಗಿತ್ತು.

"ಬಾಯೇ ಬರ್ಲಿಲ್ಲಮ್ಮ. ಅವನ ಷರ್ಟಿನ ಗುಂಡಿ ಕಿತ್ತು ನೇತಾಡ್ತಿತ್ತು. ಬಿಚ್ಚಿ ಕೊಡು ಅಂದೆ. ಅವನು ಹೆದರಿಕೊಂಡೇ ಕೊಟ್ಟ. ನಾನು ಅವನ ಪಕ್ಕ ಕೂತು ಗುಂಡಿ ಹೊಲೀತಾ ಹೊಲೀತಾ ಹೇಳ್ದೆ. ಹೊಲಿದು ಮುಗಿಯೋವರೆಗೂ ಅವನೂ ಏಳ್ಲಿಲ್ಲ, ನಾನೂ ಏಳ್ಲಿಲ್ಲ" ಅಂದೆ. ಆಮೇಲೆ, "ತಾತ ಏನ್ ಮಾಡ್ತಿದ್ದಾರೆ?" ಅಂತ ಕೇಳಿದೆ.

ನಿಮ್ಮಮ್ಮ, "ಮಲಗಿದ್ದಾರೆ" ಅಂದಳು.

ನಾನು ನಿಂತಿದ್ದೆ ಕಣೇ, ಎರಡು ಹೆಜ್ಜೆ ಆಚೆಗೆ. ಬಾಗಿಲು ತಳ್ಳಿ ಬಂದು ಅವಳ ಒದ್ದೆ ಕೈಯಿಂದ ಫೋನ್ ಕಿತ್ತುಕೊಂಡು "ಸರಿಯಾಗಿ ಮಾಡಿದೆ" ಅಂತ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಈಗ ಬರೆಯುತ್ತಿದ್ದೇನೆ. ಸರಿಯಾಗಿ ಮಾಡಿದೆ.

ಬಾ ಎಂದು ಕರೆಯಬೇಕಲ್ಲ, ಕರೆದಿದ್ದೇನೆ. ಬಾ. ನಿನ್ನ ಕೋಣೆಯಲ್ಲಿ ತುಂಬಿದ್ದ ಬಟ್ಟೆಯ ಥಾನುಗಳನ್ನು ತೆಗೆಸಿದ್ದೇನೆ. ಕಿಟಕಿಯ ಮುರಿದ ಚಿಲಕ ರಿಪೇರಿಯಾಗಿದೆ. ಮೇಲೆ ಹೋದಾಗ ಕಾಲು ಬೆಚ್ಚಗಿಟ್ಟುಕೋ, ಒದ್ದೆ ಕಾಲುಚೀಲದಲ್ಲಿ ಮಲಗಬೇಡ. ನಿನ್ನನ್ನು ನಂಬಿ ಬಂದ ಹುಡುಗರು ಎಷ್ಟು ಜನ ಹತ್ತಿದರೋ ಅಷ್ಟೂ ಜನ ನಿನ್ನ ಜೊತೆ ಇಳಿಯಲಿ. ನನ್ನ ಆಯಸ್ಸಿನಲ್ಲಿ ಉಳಿದದ್ದು ನಿನಗಿರಲಿ.

ನಿನ್ನ
ತಾತ

ಮತ್ತೊಂದು ಮಾತು: ಇಲ್ಲಿಯವರೆಗಿನದನ್ನು ನಿಮ್ಮಮ್ಮ ಓದಿ, "ಇಷ್ಟೇನಾ?" ಅಂದು ಕೆಲಸಕ್ಕೆ ಹೋದಳು. ಇದನ್ನು ಅವಳು ಓದಿಲ್ಲ.

ನಿನ್ನ ಭುಜಪಟ್ಟಿಯ ಹೊಲಿಗೆ ಚೆನ್ನಾಗಿತ್ತು. ಅದನ್ನು ಹೊಲಿದವನು ಯಾರೋ, ಒಳ್ಳೆಯ ಕೆಲಸಗಾರ. ನಾನು ಹೊಲಿದಿದ್ದರೂ ಅದಕ್ಕಿಂತ ಚೆನ್ನಾಗಿ ಬರುತ್ತಿರಲಿಲ್ಲ.

ನನ್ನ ಕೈ ನಡುಗುತ್ತದೆ ಕಣೇ. ಮೊದಲು ಬಲಗೈ, ಈಗ ಎರಡೂ. ನೀನು ಟ್ರೈನಿಂಗಿಗೆ ಹೋಗುವ ಮುಂಚಿನಿಂದಲೂ ಇದೆ. ಡಾಕ್ಟರು ಮಾತ್ರೆ ಕೊಟ್ಟರು, ನಿಲ್ಲುವುದಿಲ್ಲ ಅಂತಲೂ ಹೇಳಿದರು. ನೀನು ಕಳಿಸಿದ ಬಟ್ಟೆ ಒಳ್ಳೆಯ ಬಟ್ಟೆ. ಗೊಣಗಪ್ಪನನ್ನು ಊಟಕ್ಕೆ ಕಳಿಸಿ, ನಾನೇ ಗುರುತು ಹಾಕಿ ಕತ್ತರಿ ಇಟ್ಟೆ. ಕತ್ತರಿ ಗೆರೆ ಬಿಟ್ಟು ಹೆಗಲಿನೊಳಕ್ಕೆ ಹೋಯಿತು. ಕೆಟ್ಟಿತು ಅನ್ನಲು ಬಾಯಿ ಬರಲಿಲ್ಲ, ಬಟ್ಟೆಯನ್ನೇ ಬೈದೆ. ಅವತ್ತು ನಿನ್ನೆದುರು ನಿಂತಾಗಲೂ ಅಷ್ಟೇ. ಸ್ಟಾರಿನ ಹಿಂದೆ ಸಣ್ಣ ತಿರುಪು ಇರುತ್ತದೆ, ಎರಡು ಬೆರಳಲ್ಲಿ ಹಿಡಿದು ತಿರುಗಿಸಬೇಕು. ಇಷ್ಟು ವರ್ಷದಲ್ಲಿ ಎಷ್ಟು ಹೆಗಲಿಗೆ ಹಾಕಿದ್ದೇನೋ ಲೆಕ್ಕವಿಲ್ಲ. ನಿನ್ನದೊಂದು ಆಗಲಿಲ್ಲ. ನಡುಗುವುದನ್ನು ನೀನು ನೋಡುವ ಮುಂಚೆ ಕೂಗಿಬಿಟ್ಟೆ. ತಾತನಿಗೆ ವಯಸ್ಸಾಯಿತು ಅನ್ನುವುದಕ್ಕಿಂತ ತಾತ ಕೆಟ್ಟವನು ಅಂದುಕೊಳ್ಳಲಿ ಅನ್ನಿಸಿತು.

ನಿಮ್ಮಮ್ಮನಿಗೆ ಗೊತ್ತಿಲ್ಲ ಅಂದುಕೊಂಡಿದ್ದೇನೆ. ಆದರೆ ಈಚೆಗೆ ಚಹಾವನ್ನು ಅರ್ಧ ಲೋಟವೇ ಕೊಡುತ್ತಾಳೆ, ಕುಡಿದ ಮೇಲೆ ಇನ್ನರ್ಧ ತರುತ್ತಾಳೆ. ಏನೂ ಕೇಳುವುದಿಲ್ಲ.

ಬರುವಾಗ ಯೂನಿಫಾರ್ಮು ತಾ. ಬಲ ಹೆಗಲಿನ ಸ್ಟಾರ್ ಬಿಚ್ಚಿ ನನ್ನ ಕೈಗೆ ಕೊಡು. ಎಷ್ಟು ಹೊತ್ತಾದರೂ ಆಗಲಿ, ನೀನು ಅಲ್ಲಾಡದೆ ನಿಂತಿರಬೇಕು. ನಾನಾಗಿ ಕೇಳುವವರೆಗೆ ಸಹಾಯಕ್ಕೆ ಕೈ ಚಾಚಬಾರದು.

ಬರುತ್ತೀಯೋ ಇಲ್ಲವೋ, ಇಪ್ಪತ್ತನೇ ತಾರೀಖಿನೊಳಗೆ ಉತ್ತರ ನನ್ನ ಕೈಸೇರಬೇಕು.