ಆರು ಚಮಚ, ಅರ್ಧ ಚಮಚ

ಹಿರೇಕಲ್ಲೂರು, ಮಲಪ್ರಭೆಯ ಬಲದಂಡೆ
ಇಸವಿ ೨೧೯೪, ಎರಡನೇ ಅವಧಿಯ ನೂರಾ ಏಳನೆಯ ದಿನ

ಎರಡನೇ ತರಗತಿಯ ಮಕ್ಕಳ ತಂದೆತಾಯಂದಿರಿಗೆ, ಆ ಮಕ್ಕಳಿಗೆ ಪಾಠ ಹೇಳುವವರಿಗೆ,

ಮೇಲಿನ ತಾರೀಖು ನಿಮ್ಮ ಯಾವ ಕ್ಯಾಲೆಂಡರಿನಲ್ಲೂ ಸಿಗುವುದಿಲ್ಲ. ನಾವು ತಿಂಗಳುಗಳನ್ನು ಕೈಬಿಟ್ಟು ಎರಡು ತಲೆಮಾರಾಯಿತು. ವರ್ಷವನ್ನು ಮೂರು ಅವಧಿಗಳಾಗಿ ಪಾಲು ಮಾಡಿ ದಿನ ಎಣಿಸುತ್ತೇವೆ. ನಾನು ಬಳಸುವ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಬಹುದು. ಅದಕ್ಕೆ ಕ್ಷಮೆ ಇರಲಿ. ನನ್ನ ಸಿಟ್ಟಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ. ಅದು ನಿಮ್ಮ ಮೇಲಿನದು, ನಿಮಗೆ ಮುಟ್ಟಲೇಬೇಕು.

ನನ್ನ ಹೆಸರು ಕಾಳಮ್ಮ ಪತ್ತಾರ. ಇಪ್ಪತ್ತೆಂಟು ವರ್ಷ ಈ ಊರಿನ ಎಣಿಕೆಮನೆಯಲ್ಲಿ ಪಾಠ ಹೇಳಿದ್ದೇನೆ. ಎಣಿಕೆಮನೆ ಎಂದರೆ ಏನೆಂದು ಮೊದಲು ಹೇಳಬೇಕು. ನಮ್ಮಲ್ಲಿ ಮಗುವಿಗೆ ಆರು ತುಂಬಿದ ದಿನ ಹೊಸ ಅಂಗಿ ತೊಡಿಸಿ, ಹಣೆಗೆ ವಿಭೂತಿಯನ್ನೋ ಕುಂಕುಮವನ್ನೋ ಹಚ್ಚಿ, ಒಂದು ಯಂತ್ರದ ಮುಂದೆ ಅರ್ಧ ಗಂಟೆ ಕೂರಿಸುತ್ತಾರೆ. ಅದು ಚಿತ್ರ ತೋರಿಸುತ್ತದೆ, ಪದ ಹೇಳುತ್ತದೆ, ಅಂಕಿ ಕೇಳುತ್ತದೆ; ಕೊನೆಗೆ ಒಂದು ಒಲವುಚೀಟಿ ಹೊರಗೆ ಬರುತ್ತದೆ. ಮಗು ಯಾವುದರಲ್ಲಿ ಮುಂದೆ ಬರುತ್ತದೆ ಎಂದು ಅದರಲ್ಲಿ ಬರೆದಿರುತ್ತದೆ. ಅಲ್ಲಿಂದ ಹನ್ನೆರಡು ವರ್ಷ ತುಂಬುವವರೆಗೆ ಆ ಮಗು ಅದೊಂದನ್ನೇ ಕಲಿಯುತ್ತದೆ. ಅಂಕಿಯ ಮಕ್ಕಳು ಎಣಿಕೆಮನೆಗೆ, ಓದುಬರಹದವರು ಮಾತುಮನೆಗೆ, ಗಿಡ, ಹಕ್ಕಿ, ನೀರು, ಮೈ ಇವುಗಳ ಪಾಠದವರು ಕಂಡದ್ದರ ಮನೆಗೆ. ಬಣ್ಣಕ್ಕೆ ಬೇರೆ ಮನೆ, ಆಟಕ್ಕೆ ಬೇರೆ ಮನೆ. ಒಂದೇ ಆವರಣ, ಆದರೆ ನಡುವೆ ಸೊಂಟದೆತ್ತರದ ಗೋಡೆಗಳಿವೆ, ಐದು ಬಾಗಿಲುಗಳಿವೆ.

ಬಿಸಿಲಿನ ಕಾರಣ ನಮ್ಮ ಶಾಲೆ ಬೆಳಗಿನ ಐದೂವರೆಗೆ ಆರಂಭವಾಗಿ ಹತ್ತಕ್ಕೆ ಮುಗಿಯುತ್ತದೆ. ಬೀದಿಬೀದಿಗೂ ಮೇಲೆ ಹಸಿರು ಬಟ್ಟೆಯ ನೆರಳುಹಾಸು ಕಟ್ಟಿದ್ದಾರೆ. ಕೆಳಗೆ ನಡೆದರೆ ಎಲ್ಲರ ಮುಖವೂ ತಿಳಿಹಸಿರಾಗಿ ಕಾಣುತ್ತದೆ. ಮಕ್ಕಳು ಸೊಂಟಕ್ಕೆ ನೀರಿನ ಚೀಲ ಕಟ್ಟಿಕೊಂಡು, ಸಜ್ಜೆ ರೊಟ್ಟಿಯ ಸುರುಳಿಯನ್ನು ಕೈಯಲ್ಲಿ ಹಿಡಿದು ತಿನ್ನುತ್ತಾ ಬರುತ್ತಾರೆ. ಬಾಗಿಲವರೆಗೆ ಅಕ್ಕತಮ್ಮಂದಿರು ಕೈಹಿಡಿದುಕೊಂಡು ಬಂದು ಅಲ್ಲಿ ಬಿಡಿಸಿಕೊಳ್ಳುತ್ತಾರೆ. ಮೊದಲ ವರ್ಷದ ಮಕ್ಕಳು ಅಳುತ್ತಾರೆ, ಆಮೇಲೆ ಅಳುವುದಿಲ್ಲ. ಇಪ್ಪತ್ತೆಂಟು ವರ್ಷ ಅದನ್ನು ನೋಡಿಯೂ ನನಗೆ ಏನೂ ಅನ್ನಿಸಲಿಲ್ಲ. ಆದ್ದರಿಂದ ಈ ಸಿಟ್ಟಿನಲ್ಲಿ ಒಂದು ಪಾಲು ನನ್ನ ಮೇಲೂ ಇದೆ.

ಎಣಿಕೆಮನೆಯಲ್ಲಿ ನಾವು ವಸ್ತುಗಳ ಹೆಸರು ಹೇಳುವುದಿಲ್ಲ. ಮಾವಿನಹಣ್ಣು ಎಂದರೆ ಮಗುವಿನ ಮನಸ್ಸು ಹಣ್ಣಿನ ಕಡೆ ಹರಿದು ಲೆಕ್ಕ ತಪ್ಪುತ್ತದೆ ಎಂಬುದು ನಿಯಮ ಮಾಡಿದವರ ವಾದ. ಹಾಗಾಗಿ ನಮ್ಮ ಲೆಕ್ಕಗಳಲ್ಲಿ ಇರುವುದು ವಸ್ತು ಒಂದು, ವಸ್ತು ಎರಡು, ವಸ್ತು ಮೂರು. ಕಳೆದ ವರ್ಷದ ಮೊದಲ ಅವಧಿಯಲ್ಲಿ ಎರಡನೇ ತರಗತಿಗೆ ಭಿನ್ನರಾಶಿ ಹೇಳಿಕೊಡುವಾಗ ಒಂದು ಲೆಕ್ಕ ಕೊಟ್ಟೆ. ಒಂದು ಲೀಟರಿಗೆ ವಸ್ತು ಒಂದು ಆರು ಚಮಚ, ವಸ್ತು ಎರಡು ಅರ್ಧ ಚಮಚ. ಅರ್ಧ ಲೀಟರಿಗೆ ಎಷ್ಟೆಷ್ಟು? ಭೇದಿಯಾದಾಗ ಕುಡಿಸುವ ನೀರಿನ ಅಳತೆ ಇದು ಎಂದು ಕಂಡದ್ದರ ಮನೆಯವರು ಎಂದೋ ನಮಗೆ ಬರೆದು ಕಳಿಸಿದ್ದರು. ಅದು ನನಗೆ ಗೊತ್ತಿತ್ತು. ಮಕ್ಕಳಿಗೆ ಹೇಳಲಿಲ್ಲ, ಹೇಳುವ ಹಾಗಿರಲಿಲ್ಲ. ಎಲ್ಲರಿಗಿಂತ ಮೊದಲು ಕೈ ಎತ್ತಿದವಳು ಫಕೀರವ್ವ. ಏಳು ವರ್ಷದ ಹುಡುಗಿ, ಎರಡು ಜಡೆ, ಮುಂದಿನ ಹಲ್ಲುಗಳು ಬಿದ್ದಿದ್ದವು. ಮೂರು ಚಮಚ, ಕಾಲು ಚಮಚ ಎಂದು ಹೇಳಿ ಕುಳಿತಳು. ಅರ್ಧದ ಅರ್ಧ ಕಾಲು ಎಂದು ಆ ವಯಸ್ಸಿಗೆ ಯಾರೂ ಹೇಳಿಕೊಡದೆ ತಿಳಿದವಳು. ಭೇಷ್ ಎಂದೆ. ತರಗತಿಯಲ್ಲಿ ಚಪ್ಪಾಳೆ ತಟ್ಟಿಸಿದೆ.

ಅದಾಗಿ ಮೂರನೆಯ ದಿನ ಅವಳ ತಮ್ಮ ಮುತ್ತುವಿಗೆ ಭೇದಿ ಶುರುವಾಯಿತು. ಅವನಿಗೆ ಎರಡು ವರ್ಷ. ತಾಯಿ ಯಲ್ಲವ್ವ ನೆರಳುಹಾಸು ಹೊಲಿಯುವ ಕೆಲಸದವಳು, ಮಧ್ಯಾಹ್ನದ ಪಾಳಿಗೆ ಹೋಗಿದ್ದಳು. ಮನೆಯಲ್ಲಿದ್ದವರು ಈ ಹುಡುಗಿ ಮತ್ತು ಕಣ್ಣು ಕಾಣದ ಅಜ್ಜಿ. ನಮ್ಮ ಮನೆಗಳಲ್ಲಿ ಗೋಡೆದನಿ ಎಂಬುದಿದೆ; ಕೇಳಿದ್ದಕ್ಕೆ ಉತ್ತರ ಹೇಳುತ್ತದೆ. ಅಜ್ಜಿ ಕೇಳಿದಳು. ಉಪ್ಪುಸಕ್ಕರೆ ನೀರು ಕುಡಿಸಿ ಎಂದು ಅದು ಹೇಳಿತು, ಅಳತೆ ಹೇಳಬೇಕೇ ಎಂದೂ ಕೇಳಿತು. ಫಕೀರವ್ವ ಬೇಡ ಎಂದಳಂತೆ, ನನಗೆ ಗೊತ್ತಿದೆ ಎಂದಳಂತೆ. ಲೀಟರು, ಆರು ಚಮಚ, ಅರ್ಧ ಚಮಚ ಎಂದು ದೊಡ್ಡವರು ಮನೆಯಲ್ಲಿ ಹಿಂದೊಮ್ಮೆ ಮಾತಾಡಿದ್ದನ್ನು ಅವಳು ಕೇಳಿದ್ದಳು. ಶಾಲೆಯ ಲೆಕ್ಕ ಈ ನೀರಿನದೇ ಎಂದು ತಾನೇ ಹೊಂದಿಸಿಕೊಂಡಿದ್ದಳು. ಎಂಥ ಬುದ್ಧಿ ಅದು, ಯೋಚಿಸಿ. ಆದರೆ ವಸ್ತು ಒಂದು ಯಾವುದು? ಉಪ್ಪುಸಕ್ಕರೆ ಎನ್ನುವ ಮಾತಿನಲ್ಲಿ ಉಪ್ಪು ಮೊದಲು ಬರುತ್ತದೆ. ನನ್ನ ಲೆಕ್ಕದಲ್ಲಿ ಆರು ಮೊದಲು ಬರುತ್ತದೆ.

ಆರು ಚಮಚ ಉಪ್ಪು ಹಾಕಿದಳು, ಚಮಚದ ತಲೆ ಸವರಿ ಸಮಮಾಡಿ, ಒಂದಿಷ್ಟೂ ಹೆಚ್ಚುಕಡಿಮೆ ಇಲ್ಲದೆ. ಅರ್ಧ ಚಮಚ ಸಕ್ಕರೆ ಹಾಕಿದಳು; ಹಾಕಬೇಕಾಗಿದ್ದದ್ದು ಇದರ ತಿರುವುಮುರುವು. ಕೂಸು ಮುಖ ತಿರುಗಿಸಿತು. ಔಷಧಿ ಎಂದುಕೊಂಡು ಮೂಗು ಹಿಡಿದು ಕುಡಿಸಿದಳು. ತಾನು ರುಚಿ ನೋಡಲಿಲ್ಲ. ರುಚಿ ನೋಡಿ ಹೇಳುವುದು ಕಂಡದ್ದರ ಮನೆಯ ಪಾಠ.

ಹೊತ್ತು ಮುಳುಗುವ ಮೊದಲೇ ಮುತ್ತುವಿಗೆ ಸೆಳವು ಬಂತು. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದ. ಉಳಿದುಕೊಂಡ ಎಂದು ಇಲ್ಲಿಯೇ ಹೇಳಿಬಿಡುತ್ತೇನೆ, ನಿಮ್ಮನ್ನು ಕಾಯಿಸುವುದಿಲ್ಲ. ನಡೆಯುತ್ತಿದ್ದ ಕೂಸು ಮತ್ತೆ ಅಂಬೆಗಾಲಿಂದ ಶುರುಮಾಡಿತು. ನಾನು ಎರಡನೆಯ ದಿನ ನೋಡಲು ಹೋದಾಗ ಫಕೀರವ್ವ ಹೊರಗಿನ ಕಟ್ಟೆಯ ಮೇಲೆ ಒಬ್ಬಳೇ ಕುಳಿತಿದ್ದಳು. ಅತ್ತಿರಲಿಲ್ಲ. ನನ್ನನ್ನು ಕಂಡು ಎದ್ದು ನಿಂತು ಕೇಳಿದಳು:

“ಅಕ್ಕೋರ, ಲೆಕ್ಕ ಸರಿ ಇತ್ತಲ್ರಿ?”

ಸರಿ ಇತ್ತು. ಅವಳಿಗೆ ಹಾಗೆಯೇ ಹೇಳಿದೆ. ಬೇರೆ ಏನು ಹೇಳಲಿ? ತಪ್ಪು ನನ್ನದು ಎಂದೆ. ಅವಳಿಗೆ ಅದು ಅರ್ಥವಾಗಲಿಲ್ಲ. ಲೆಕ್ಕ ಸರಿ ಇದ್ದ ಮೇಲೆ ತಪ್ಪು ಎಲ್ಲಿಂದ ಬಂತು ಎಂಬಂತೆ ನನ್ನ ಮುಖ ನೋಡುತ್ತಿದ್ದಳು.

ಆ ಮುಖವನ್ನು ಹೊತ್ತುಕೊಂಡು ಮಾತುಮನೆಯ ಮಾಸ್ತರ ಇಮಾಮಸಾಬ ನದಾಫರ ಬಳಿ ಹೋದೆ. ನಮ್ಮಿಬ್ಬರ ತರಗತಿಗಳ ನಡುವೆ ಇದ್ದದ್ದು ಅದೇ ಸೊಂಟದೆತ್ತರದ ಗೋಡೆ. ಇಪ್ಪತ್ತು ವರ್ಷ ಅದರ ಮೇಲಿಂದ ಚಹಾ ಕೊಟ್ಟು ತೆಗೆದುಕೊಂಡಿದ್ದೆವು, ಮಕ್ಕಳನ್ನು ಮಾತ್ರ ದಾಟಿಸಿರಲಿಲ್ಲ. ಅವರು ಎಲ್ಲವನ್ನೂ ಕೇಳಿಸಿಕೊಂಡು, ತಮ್ಮ ಮಕ್ಕಳು ಉಪ್ಪಿನ ಮೇಲೆ ಪದ್ಯ ಓದಬಲ್ಲರು, ಆದರೆ ಹಿಡಿಯಲ್ಲಿ ಎಷ್ಟು ಹಿಡಿಯುತ್ತದೆಂದು ಒಬ್ಬರಿಗೂ ಗೊತ್ತಿಲ್ಲ ಎಂದರು. ಮರುದಿನ ಅವರೇ ಒಂದು ಬೆಂಚನ್ನು ಗೋಡೆಗೆ ಆನಿಸಿ ಇಟ್ಟರು. ಅವರ ಹತ್ತು ಮಕ್ಕಳು ಈ ಕಡೆ ಇಳಿದರು. ನನ್ನವರು ಹದಿಮೂರು.

ಅಲ್ಲಿಂದ ಎರಡನೇ ಅವಧಿ ಮುಗಿಯುವವರೆಗೆ ಈ ಇಪ್ಪತ್ಮೂರು ಮಕ್ಕಳು ಕಲಿತದ್ದನ್ನು ನಿಮಗೆ ಹೇಳಬೇಕು, ಏಕೆಂದರೆ ನಿಮಗೆ ಅದು ತೀರಾ ಸಾಮಾನ್ಯ ಅನ್ನಿಸುತ್ತದೆ. ಮೊದಲ ದಿನ ಉಪ್ಪು, ಸಕ್ಕರೆ ಎರಡನ್ನೂ ನಾಲಿಗೆಗೆ ಹಚ್ಚಿಕೊಂಡರು. ಉಪ್ಪು ಎಂದು ಬರೆದರು. ಪಕಾರದ ಕೆಳಗೆ ಇನ್ನೊಂದು ಪಕಾರ ಯಾಕೆ ಜೋತುಬಿದ್ದಿದೆ ಎಂದು ನನ್ನ ಹುಡುಗನೊಬ್ಬ ಕೇಳಿದ್ದಕ್ಕೆ, ಅದು ಗಟ್ಟಿ ಹೇಳಬೇಕಂತ ಜೋಡಿ ಬಂದಾವ ಎಂದು ಮಾತುಮನೆಯ ಹುಡುಗಿ ತಿಳಿಸಿದಳು. ಶಾಲೆಯಿಂದ ಹೊಳೆಯವರೆಗೆ ಹೆಜ್ಜೆ ಎಣಿಸುತ್ತಾ ಹೋಗಿ, ಬಂದು ನೆಲದ ಮೇಲೆ ಸೀಮೆಸುಣ್ಣದಲ್ಲಿ ದಾರಿ ಬರೆದರು. ಎಲ್ಲರ ಹೊಳೆಯೂ ಬೇರೆ ಬೇರೆ ದೂರದಲ್ಲಿತ್ತು, ಯಾಕೆಂದರೆ ಎಲ್ಲರ ಕಾಲೂ ಬೇರೆ. ಆ ಜಗಳದಿಂದಲೇ ಮೀಟರು ಯಾಕೆ ಬೇಕೆಂದು ತಿಳಿದರು. ಹೆಸರುಕಾಳು ನೆನೆಹಾಕಿ ಮೊಳಕೆಯನ್ನು ದಿನವೂ ಅಳೆದು, ಅಳೆದದ್ದನ್ನು ಬರೆದು, ಪಕ್ಕದಲ್ಲಿ ಚಿತ್ರ ತೆಗೆದರು. ಕೈ ತೊಳೆಯುವ ಹೊತ್ತಿಗೆ ಸರಿಹೋಗುವಷ್ಟು ಉದ್ದದ ಹಾಡನ್ನು ನದಾಫ ಮಾಸ್ತರರು ಕಟ್ಟಿಕೊಟ್ಟರು. ತಮ್ಮ ಬೀದಿಯಲ್ಲಿ ಯಾರು ಯಾವ ಕೆಲಸ ಮಾಡುತ್ತಾರೆಂದು ಕೇಳಿಕೊಂಡು ಬಂದರು. ಕುಂಟಾಟದಲ್ಲಿ ಯಾರ ಕಾಲು ಗೆರೆ ಮುಟ್ಟಿತೆಂದು ಹೊಡೆದಾಡಿ, ಒಪ್ಪಂದಕ್ಕೆ ಬಂದರು. ಆ ಮೊದಲ ದಿನ ಫಕೀರವ್ವ ಉಪ್ಪು ನಾಲಿಗೆಗೆ ಹಚ್ಚಿಕೊಂಡವಳು ಉಗುಳಲಿಲ್ಲ. ಬಾಯಿ ಮುಚ್ಚಿಕೊಂಡು ಬಹಳ ಹೊತ್ತು ಕುಳಿತು, ಆಮೇಲೆ ನನ್ನ ಸೀರೆಯಲ್ಲಿ ಮುಖ ಒತ್ತಿ ಅತ್ತಳು. ಮುತ್ತುವಿಗೆ ಸೆಳವು ಬಂದ ದಿನದಿಂದ ಅದೇ ಮೊದಲು.

ಅವಧಿಯ ಕೊನೆಗೆ ಅಳತೆಗಾರರು ಬಂದರು. ನಿಮ್ಮ ಕಾಲದ ಇನ್‌ಸ್ಪೆಕ್ಟರರ ಹಾಗೆ. ನನ್ನ ಮಕ್ಕಳ ಎಣಿಕೆಯ ಅಂಕ ಹನ್ನೊಂದು ಇಳಿದಿತ್ತು. ಇಬ್ಬರು ಪಾಲಕರು ದೂರು ಕೊಟ್ಟಿದ್ದರು: ತಮ್ಮ ಮಕ್ಕಳ ಹೊತ್ತನ್ನು ಕಾಳು ಮೊಳೆಸುವುದರಲ್ಲಿ ಹಾಳುಮಾಡುತ್ತಿದ್ದಾರೆಂದು. ನಮ್ಮಿಬ್ಬರನ್ನೂ ಜಿಲ್ಲಾ ಕಚೇರಿಗೆ ಕರೆಸಿದರು. ವಿಚಾರಣೆಗೆ ಕುಳಿತಿದ್ದವರು ರೋಹಿಣಿ ಎಂಬ ಅಧಿಕಾರಿ. ಕೆಟ್ಟವರಲ್ಲ, ನಮಗೆ ಕುರ್ಚಿ ಹಾಕಿಸಿ ನೀರು ಕೊಡಿಸಿದರು. ಈ ಪದ್ಧತಿಯನ್ನು ಮಕ್ಕಳ ಮೇಲೆ ಹೇರಿದವರು ಯಾರು ಎಂದು ನಾನು ಕೇಳಿದೆ. ನನ್ನ ದನಿ ಏರಿತ್ತು. ಅವರು ಸಿಟ್ಟಾಗದೆ ಒಂದು ಹಳೆಯ ಕಾಗದದ ಪ್ರತಿಯನ್ನು ನನ್ನ ಮುಂದಿಟ್ಟರು.

ಅದು ನಿಮ್ಮ ಕಾಲದ್ದು. ಒಂದು ಶಾಲೆಯ ಎರಡನೇ ತರಗತಿಯ ಮೂವತ್ತೊಂದು ಪಾಲಕರು ಸಹಿ ಮಾಡಿದ ಮನವಿ. ಪರೀಕ್ಷೆ ಹತ್ತಿರ ಬಂದಿರುವುದರಿಂದ ಚಿತ್ರಕಲೆ, ಹಾಡು, ಆಟ ಮತ್ತು ಪರಿಸರದ ಸುತ್ತಾಟ ನಿಲ್ಲಿಸಿ ಆ ಪಿರಿಯಡ್‌ಗಳನ್ನು ಗಣಿತಕ್ಕೂ ಇಂಗ್ಲಿಷಿಗೂ ಕೊಡಬೇಕು, ಮಕ್ಕಳು ಹಿಂದೆ ಬೀಳುತ್ತಿದ್ದಾರೆ ಎಂದಿತ್ತು. ಕೆಳಗೆ ಮುಖ್ಯಗುರುಗಳು ಒಪ್ಪಿದೆ ಎಂದು ಬರೆದಿದ್ದರು. ಅದರ ಹಿಂದೆ ಇನ್ನೊಂದು ಶಾಲೆಯದು, ಮತ್ತೊಂದು ಊರಿನದು. ಒಂದು ಕಟ್ಟೇ ಇತ್ತು. ಬೇಡ ಎಂದು ಬರೆದ ಒಂದೇ ಒಂದು ಕಾಗದವೂ ಆ ಕಟ್ಟಿನಲ್ಲಿರಲಿಲ್ಲ; ನಾನು ಕೊನೆಯ ಹಾಳೆಯವರೆಗೆ ಹುಡುಕಿದೆ.

“ಇದು ನಾವು ಮಾಡಿದ್ದಲ್ರಿ,” ಎಂದರು ರೋಹಿಣಿ. “ಅವರು ಕೇಳಿದ್ರು. ನಾವು ಪೂರ್ತಿ ಮಾಡಿಕೊಟ್ವಿ.”

ಅದಕ್ಕೆ ಉತ್ತರ ಕೊಟ್ಟವಳು ಬಾಗಿಲಲ್ಲಿ ನಿಂತಿದ್ದ ಯಲ್ಲವ್ವ. ಪಾಳಿ ಬಿಟ್ಟು, ಮುತ್ತುವನ್ನು ಸೊಂಟದ ಮೇಲೆ ಎತ್ತಿಕೊಂಡು ಬಂದಿದ್ದಳು. ಯಾರೂ ಕರೆಯದೆ ಒಳಗೆ ಬಂದು ಕೂಸನ್ನು ಮೇಜಿನ ಮೇಲೆ, ಆ ಕಾಗದಗಳ ಮೇಲೆಯೇ ಕೂರಿಸಿದಳು.

“ನನ್ನ ಮಗಳ ಲೆಕ್ಕ ಸರಿ ಇತ್ತು, ನನ್ನ ಮಗ ಸಾಯಾಕ ಹತ್ತಿದ್ದ. ಇದು ಯಾವ ಮನಿ ಪಾಠರೀ, ಬಾಯಾರ? ಯಾವ ಮನ್ಯಾಗ ಹೇಳಿಕೊಡ್ತೀರಿ ಇದನ್ನ?”

ರೋಹಿಣಿ ಯಲ್ಲವ್ವಳಿಗೂ ಕುರ್ಚಿ ಹಾಕಿಸಿದರು. ಆಮೇಲೆ ಬರೆದದ್ದು ಹೀಗಿದೆ. ನದಾಫ ಮಾಸ್ತರರನ್ನು ಎಂಬತ್ತು ಕಿಲೋಮೀಟರು ಆಚೆಯ ಊರಿಗೆ ಹಾಕಿದರು. ನನ್ನನ್ನು ಪಾಠದಿಂದ ತೆಗೆದು ಉಗ್ರಾಣಕ್ಕೆ ಕಳಿಸಿದರು. ಈಗ ನಾನು ಬೆಂಚು, ಚಾಪೆಗಳನ್ನು ನೋಡಿಕೊಳ್ಳುತ್ತೇನೆ. ಆದರೆ ಆ ಇಪ್ಪತ್ಮೂರು ಮಕ್ಕಳನ್ನು ಬೇರೆ ಮಾಡಬಾರದು, ಹನ್ನೆರಡು ತುಂಬುವವರೆಗೆ ಒಂದೇ ಕೋಣೆಯಲ್ಲಿ ಎಲ್ಲವನ್ನೂ ಕಲಿಸಿ ನೋಡಬೇಕು ಎಂದು ಆದೇಶವಾಯಿತು. ದೂರು ಕೊಟ್ಟ ಇಬ್ಬರು ತಮ್ಮ ಮಕ್ಕಳನ್ನು ಬಿಡಿಸಿಕೊಂಡರು. ಇಪ್ಪತ್ತೊಂದು ಉಳಿದವು. ಅವರಿಗೆ ಈಗ ಕಲಿಸುತ್ತಿರುವ ಹುಡುಗಿಗೆ ಇಪ್ಪತ್ನಾಲ್ಕು ವರ್ಷ, ತಾನೇ ಬಣ್ಣದ ಮನೆಯಲ್ಲಿ ಬೆಳೆದವಳು. ನಾಳಿನ ಪಾಠವನ್ನು ಇವತ್ತು ನನ್ನ ಉಗ್ರಾಣಕ್ಕೆ ಬಂದು ಕಲಿತುಕೊಂಡು ಹೋಗುತ್ತಾಳೆ. ಮೊನ್ನೆ ಅವಳಿಗೆ ಗಡಿಯಾರ ನೋಡುವುದನ್ನು ಹೇಳಿಕೊಟ್ಟೆ.

ಇದು ನಮ್ಮ ಸಂಗತಿ. ಈಗ ನಿಮ್ಮದು. ನಿಮ್ಮ ಮೇಲೆ ಯಾರೂ ಗೋಡೆ ಕಟ್ಟಿರಲಿಲ್ಲ, ಯಾವ ಯಂತ್ರವೂ ಚೀಟಿ ಕೊಟ್ಟಿರಲಿಲ್ಲ. ನಿಮ್ಮ ಏಳು ವರ್ಷದ ಮಗು ಒಂದೇ ಬೆಳಗಿನಲ್ಲಿ ಕೂಡುವ ಲೆಕ್ಕ ಮಾಡಿ, ಪದ್ಯ ಹೇಳಿ, ಎಲೆಗೆ ಬಣ್ಣ ಬಳಿದು, ಮಧ್ಯಾಹ್ನ ಮೊಣಕಾಲು ತರಚಿಸಿಕೊಂಡು ಮನೆಗೆ ಬರುತ್ತಿತ್ತು. ಅದನ್ನು ನೀವು ಹೊತ್ತು ಹಾಳು ಎಂದಿರಿ. ಬಾಗಿಲಲ್ಲೇ ನಿಲ್ಲಿಸಿ ಎಷ್ಟಕ್ಕೆ ಎಷ್ಟು ಬಂತು ಎಂದು ಕೇಳಿದಿರಿ. ಗುರುಗಳೇ, ಆಟದ ಪಿರಿಯಡ್ ಬಿಟ್ಟುಕೊಡಿ ಎಂದಾಗ ಮುಖ ಸಣ್ಣ ಮಾಡಿಕೊಂಡ ಮಕ್ಕಳನ್ನು ನೀವು ನೋಡಿದ್ದಿರಿ. ಪುಸ್ತಕ ತೆಗೆಯಿರಿ ಎಂದಿರಿ. ಯಾರದೋ ಒತ್ತಾಯ ಎಂದು ನನಗೆ ಹೇಳಬೇಡಿ. ನಾನೂ ಇಪ್ಪತ್ತೆಂಟು ವರ್ಷ ಹಾಗೆಯೇ ಹೇಳಿಕೊಂಡಿದ್ದೆ.

ಇನ್ನು ಕೆಲವು ದಿನಗಳಲ್ಲಿ ನಿಮ್ಮ ಶಾಲೆಯಲ್ಲಿಯೂ ಅಂಥದೊಂದು ಕಾಗದ ಕೈಯಿಂದ ಕೈಗೆ ಬರುತ್ತದೆ. ಪರೀಕ್ಷೆ ಹತ್ತಿರವಿರುತ್ತದೆ, ಪಕ್ಕದವರು ಸಹಿ ಮಾಡಿರುತ್ತಾರೆ, ಪೆನ್ನನ್ನೂ ಅವರೇ ಕೊಡುತ್ತಾರೆ. ಸಹಿ ಮಾಡಬೇಡಿ. ಅಷ್ಟೇ ಸಾಲದು. ಬೇಡ ಎಂದು ಬೇರೆ ಕಾಗದದ ಮೇಲೆ ಬರೆದು, ಹೆಸರು ಹಾಕಿ, ಕಚೇರಿಯಲ್ಲಿ ಕೊಟ್ಟು ಬನ್ನಿ. ಒಬ್ಬರೇ ಆದರೂ ಸರಿ, ನಗುವವರು ನಗಲಿ. ನೂರಾ ಎಪ್ಪತ್ತು ವರ್ಷದ ಮೇಲೆ ಒಬ್ಬಳು ಆ ಕಟ್ಟನ್ನು ಬಿಚ್ಚಿ ಕೊನೆಯ ಹಾಳೆಯವರೆಗೆ ಹುಡುಕುತ್ತಾಳೆ. ಅವಳಿಗೆ ಒಂದಾದರೂ ಸಿಗಲಿ.

ಕಾಳಮ್ಮ ಪತ್ತಾರ
ಉಗ್ರಾಣ, ಹಿರೇಕಲ್ಲೂರು ಶಾಲೆ