ಕೊಡದೊಳಗೇನೈತಿ

ಇಸವಿ ೨೪೧೯, ಬಿಡುವು ಮಾಸದ ಮೂವತ್ತಾರನೆಯ ದಿನ
ಕೆಳಪೇಟೆ, ದಾವಣಗೆರೆ

‘ಗುಂಡು-ಗುಮ್ಮ ಗೆಳೆಯರು’ ಗುಂಪಿನ ಅಡ್ಮಿನ್ ಕೊಟ್ರೇಶಿಯವರಿಗೂ ಗುಂಪಿನ ಸಮಸ್ತರಿಗೂ ನಿಂಗವ್ವಳ ನಮಸ್ಕಾರ.

ತಾರೀಖು ನೋಡಿ ನಗಬೇಡಿ. ಬೇಸಿಗೆ ಹನ್ನೆರಡು ತಿಂಗಳಲ್ಲಿ ಹಿಡಿಸದಾದಾಗ ನಮ್ಮ ಹಿರಿಯರು ಹದಿಮೂರನೆಯದೊಂದನ್ನು ಸೇರಿಸಿ ಅದಕ್ಕೆ ಬಿಡುವು ಮಾಸವೆಂದು ಹೆಸರಿಟ್ಟರು. ಈ ತಿಂಗಳಲ್ಲಿ ಯಾರೂ ದುಡಿಯುವಂತಿಲ್ಲ. ದುಡಿಯದವರಿಗೆ ಇದರಿಂದ ವಿಶೇಷ ವ್ಯತ್ಯಾಸವಾಗಿಲ್ಲ. ನನ್ನ ಭಾಷೆ ವಿಚಿತ್ರವೆನಿಸಿದರೆ ಅದಕ್ಕೂ ಕ್ಷಮೆಯಿರಲಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನಿಮ್ಮ ಗುಂಪಿನ ಹರಟೆಯಿಂದಲೇ. ಗಂಭೀರವಾದ ವಾಕ್ಯದ ನಡುವೆ ಎಲ್ಲಾದರೂ ‘ಲೇ’ ಬಂದುಬಿಟ್ಟರೆ ತಪ್ಪು ನನ್ನದಲ್ಲ, ದಾದಾಪೀರ್ ಅವರದು.

ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಂಚೆಯೆಂದರೆ ಕಳೆದ ಕಾಲಕ್ಕೆ ಹೋಗುವ ಟಪಾಲು. ಅದು ಹೋಗುತ್ತದೆ, ಬರುವುದಿಲ್ಲ; ಹೀಗಾಗಿ ನಿಮ್ಮ ಉತ್ತರಕ್ಕೆ ನಾನು ಕಾಯುತ್ತಿಲ್ಲ. ಚಿನ್ನದ ದರ, ಚುನಾವಣೆಯ ಫಲಿತಾಂಶ, ಮಳೆ ಬರುವ ದಿನ ಇಂಥವನ್ನೆಲ್ಲ ತಪಾಸಣೆಯವರು ಕತ್ತರಿಸಿಬಿಡುತ್ತಾರೆ. ಆಟದ ವಿಷಯ ಎಂದೊಡನೆ ಓದದೆಯೇ ಮುದ್ರೆ ಒತ್ತಿದರು. ಆಟವನ್ನು ಲಘುವಾಗಿ ಕಾಣುವ ಅಭ್ಯಾಸ ಸರ್ಕಾರಗಳಿಗೆ ನಾನೂರು ವರ್ಷವಾದರೂ ಹೋಗಿಲ್ಲ.

ನಾವಿರುವುದು ನೆಲದ ಕೆಳಗೆ. ಹೆದರಬೇಡಿ, ಹೂತಿಲ್ಲ. ಬಿಸಿಲಿಗೆ ಅಂಜಿ ಪೇಟೆಯನ್ನು ಕೆಳಗಿಳಿಸಿ ಬಹಳ ಕಾಲವಾಯಿತು. ಸಂಜೆ ನೆರಳುಗಂಟೆ ಬಾರಿಸಿದಾಗ, ಅಂದರೆ ಮೇಲೆ ನೆಲ ಮುಟ್ಟುವಷ್ಟು ತಣ್ಣಗಾಗಿದೆ ಎಂದು ಸಾರಿದಾಗ, ಎಲ್ಲರೂ ಮೆಟ್ಟಿಲು ಹತ್ತಿ ಹೋಗಿ ಕೂರುತ್ತೇವೆ. ಮಂಡಕ್ಕಿ ಇದೆ. ಮಿರ್ಚಿಯೂ ಇದೆ, ಆದರೆ ಖಾರ ಕಡಿಮೆ. ಅದು ಮೆಣಸಿನಕಾಯಿಯ ತಪ್ಪೋ ನಾಲಗೆಯ ತಪ್ಪೋ ಎಂಬ ಜಗಳ ಇನ್ನೂ ಮುಗಿದಿಲ್ಲ. ಇಲ್ಲದಿರುವುದು ಸ್ಕ್ರೀನ್. ಮಹಾಮಬ್ಬು ಕವಿದ ವರ್ಷ, ನೀವು ಕ್ಲೌಡ್ ಎನ್ನುವ ಆ ಮೋಡದಲ್ಲಿ ಕಟ್ಟಿಟ್ಟದ್ದೆಲ್ಲ ಅಳಿಸಿಹೋಯಿತು: ಲೆಕ್ಕ, ಚಿತ್ರ, ಹಾಡು, ನಿಮ್ಮ ಆಟಗಳು. ಈಗ ನಮ್ಮಲ್ಲಿ ಪರದೆಯೆಂದರೆ ಬಾಗಿಲಿಗೆ ಕಟ್ಟುವ ಬಟ್ಟೆ ಮಾತ್ರ.

ಉಳಿದದ್ದು ಒಂದು ಹಳೆಯ ಫೋನಿನ ಹೊಟ್ಟೆಯಲ್ಲಿದ್ದ ನಿಮ್ಮ ಗುಂಪಿನ ಹರಟೆ. ಬರಲಿರುವ ಎರಡು ಆಟಗಳ ಬಗ್ಗೆ ನೀವು ಎರಡು ವರ್ಷ ಆಡಿದ ಮಾತು. ಒಂದು, ಟಿವಿಗೆ ಜೋಡಿಸುವ ಕನ್ಸೋಲಿನಲ್ಲಿ ಆಡುವ ಬಂದೂಕಿನ ಆಟ, ‘ಐರನ್ ಮಾನ್ಸೂನ್’ನ ಮೂರನೆಯ ಭಾಗ. ಇನ್ನೊಂದು, ಜಪಾನಿನ ದೆವ್ವದ ಆಟ, ‘ಕುರೋಇಡೊ’. ಹಾಗೆಂದರೆ ಕಪ್ಪು ಬಾವಿಯಂತೆ. ಎರಡನ್ನೂ ನಮ್ಮಲ್ಲಿ ಯಾರೂ ಕಂಡಿಲ್ಲ. ಆದ್ದರಿಂದ ನಾವು ಆಟವನ್ನು ಆಡುವುದಿಲ್ಲ, ಆಟಕ್ಕೆ ಕಾಯುವುದನ್ನು ಆಡುತ್ತೇವೆ. ಅದಕ್ಕೆ ‘ಕಾಯೋಣ’ ಎಂದು ಹೆಸರು. ಪ್ರತಿ ಬಿಡುವು ಮಾಸದಲ್ಲಿ ಚೀಟಿ ಎತ್ತಿ, ಒಬ್ಬರು ಕೊಟ್ರೇಶಿ, ಒಬ್ಬರು ದಾದಾಪೀರ್ ಆಗಿ, ಉಳಿದವರು ಉಳಿದ ಸದಸ್ಯರಾಗಿ, ನಿಮ್ಮ ಮಾತುಗಳನ್ನು ಮೊದಲಿನಿಂದ ಕೊನೆಯವರೆಗೆ ಕೆಳಗಿನ ಅಂಗಳದ ಸಭೆಯಲ್ಲಿ ಆಡುತ್ತೇವೆ. ಚಿಕ್ಕ ಮಕ್ಕಳಿಗೂ ಬಾಯಿಪಾಠ.

ಕುರೋಇಡೊ ಟ್ರೇಲರ್ ಬಗ್ಗೆ ನೀವು ಬರೆದುಕೊಂಡದ್ದರಿಂದ ನಮಗೆ ತಿಳಿದದ್ದಿಷ್ಟು. ಪಾಳುಬಿದ್ದ ಶಾಲೆಯ ಅಂಗಳದಲ್ಲಿ ಒಬ್ಬ ಹುಡುಗಿ ಬಾವಿ ಸೇದುತ್ತಾಳೆ. ಹಗ್ಗ ಮುಗಿಯುವುದೇ ಇಲ್ಲ. ಕಡೆಗೆ ಕೊಡ ಮೇಲೆ ಬರುತ್ತದೆ, ಬಾಯಿಗೆ ಬಿಳಿಯ ಬಟ್ಟೆ ಕಟ್ಟಿದೆ, ಬಟ್ಟೆ ಉಸಿರಾಡುತ್ತಿದೆ. ಅಲ್ಲಿಗೆ ಕತ್ತಲು. ಆ ಕೊಡದಲ್ಲಿ ಏನಿದೆ ಎಂಬುದೇ ಎರಡು ವರ್ಷದ ಜಗಳ.

ದಾದಾಪೀರ್ ಅವರ ಮಾತಿಗೆ ನಮ್ಮ ಸಭೆ ಇಂದಿಗೂ ನಗುತ್ತದೆ: “ಅಷ್ಟೊತ್ತು ಸೇದೋ ಬದ್ಲಿ ಒಂದು ಬೋರ್ ಹಾಕ್ಸಿದ್ರೆ ಗೇಮೇ ಇರ್ತಿರ್ಲಿಲ್ಲಪ್ಪ. ಬಂದೂಕಿಲ್ದ ಗೇಮು ಒಂದು ಗೇಮೇನ್ರಲೇ?” ಅದಕ್ಕೆ ಕೊಟ್ರೇಶಿ: “ನಿನ್ನ ಮಾನ್ಸೂನ್‌ನಾಗೆ ಏನೈತಿ ಹೇಳು. ಒಂದನೇ ಭಾಗ ಢಂ, ಎರಡನೇ ಭಾಗ ಢಂ ಢಂ. ಮೂರಕ್ಕೆ ಇನ್ನೊಂದು ಢಂ ಹಾಕಿ ರೇಟ್ ಏರಿಸ್ಯಾರೆ.” ಆಮೇಲೆ, ನೀವೆಲ್ಲ ಅಕ್ಕ ಎನ್ನುವ ಪುಷ್ಪಲತಾ ಅವರ ಒಂದೇ ಸಾಲು: “ಲೇ ದಾದಾ, ನೀನು ಟ್ರೇಲರ್ ನೋಡುವಾಗ ಸೌಂಡ್ ಬಂದ್ ಮಾಡಿದ್ದು ನಿಮ್ಮ ಮನೆಯಾಕಿ ಹೇಳ್ಯಾಳ.” ದಾದಾಪೀರ್ ಆ ದಿನವಿಡೀ ಮತ್ತೆ ಬರೆದಿಲ್ಲ. ನಮ್ಮ ಸಭೆಯಲ್ಲಿ ಆ ಪಾತ್ರದವರು ಇಲ್ಲಿ ಗೋಡೆಗೆ ಮುಖ ಮಾಡಿ ನಿಲ್ಲಬೇಕು. ಮಕ್ಕಳು ಅವರ ಬೆನ್ನ ಹಿಂದೆ ಕೂಗುತ್ತಾರೆ:

ಗುಂಡು ಹಾರಿತು ಢಂ ಢಂ ಢಂ,
ಗುಮ್ಮ ಬಂದಿತು ಘಂ ಘಂ ಘಂ,
ಕೊಡದೊಳಗೇನೈತಿ ಹೇಳ್ರಪ್ಪ,
ಹೇಳದಿದ್ರೆ ಬಾಯ್ ಮುಚ್ರಪ್ಪ!

ಪ್ರಾಸ ಚೆನ್ನಾಗಿದೆ. ನಾನೇ ಕಟ್ಟಿದ್ದು.

ಈಗ ಪುಷ್ಪಲತಾ ಅವರ ವಿಷಯ. ಚೀಟಿಯಲ್ಲಿ ನನಗೆ ಈಚೆಗೆ ಬರುತ್ತಿರುವುದು ಅವರ ಪಾತ್ರವೇ. ನಿಮಗೆ ಗೊತ್ತಿರುವಂತೆ ಅವರಿಗೆ ನೋಟ ಅಂಚಿನಿಂದ ಒಳಕ್ಕೆ ಕಿರಿದಾಗುತ್ತ ಬರುವ ಕಾಯಿಲೆ. “ಈಗ ನಂಗೆ ಎಲ್ಲಾ ಗೇಮೂ ಹಾರರ್ರೇ ಕಣ್ರೋ. ಸುತ್ತ ಕತ್ತಲು, ಮಧ್ಯ ಒಂದು ಟಾರ್ಚ್ ಬೆಳಕು” ಎಂದು ಅವರು ಬರೆದಾಗ ನೀವೆಲ್ಲ ನಗುಮುಖದ ಚಿತ್ರ ಹಾಕಿದ್ದೀರಿ. ಅವರೂ ನಗಲೆಂದೇ ಬರೆದಿರಬೇಕು. ಆಟದ ಬಿಡುಗಡೆ ಮೊದಲ ಸಲ ಮುಂದಕ್ಕೆ ಹೋದಾಗ ಅವರು ಕಂಪನಿಯವರನ್ನು ಬೈದರು. ಎರಡನೆಯ ಸಲ ಹೋದಾಗ ಕಣ್ಣಿನ ಬೆಳಕಿಗೆ ಡಾಕ್ಟರು ಹೇಳಿದ ಗಡುವನ್ನು ನಿಮಗೆ ತಿಳಿಸಿದರು. ಮೂರನೆಯ ಸಲ ಹೋದಾಗ ಬೈಯಲಿಲ್ಲ. “ಬಿಡ್ರಪ್ಪ, ಆ ಹುಡುಗಿ ಕೊಡ ಎತ್ತೋದ್ರಾಗೆ ನನ್ನ ದೀಪ ಆರ್ತತಿ. ಕೊಡದಾಗೆ ಏನಿತ್ತು ಅಂತ ಯಾರಾದ್ರೂ ಬಂದು ಹೇಳ್ರಿ, ಸಾಕು.”

ಯಾರಾದರೂ ಹೇಳುತ್ತಿದ್ದಿರಿ, ನಿಮ್ಮ ಆ ಶಪಥ ಇರದಿದ್ದರೆ. ಕಥೆಯ ಗುಟ್ಟು ಬಿಟ್ಟುಕೊಡುವುದು ನಿಮ್ಮಲ್ಲಿ ಮಹಾಪಾಪ. ಬೇರೊಂದು ಆಟದ ಕೊನೆಯನ್ನು ಯಾರೋ ಬಾಯಿಬಿಟ್ಟದ್ದಕ್ಕೆ ಅವರನ್ನು ಹೊರಗೆ ಹಾಕಿದ್ದನ್ನೂ ಓದಿದ್ದೇವೆ. ಅದಕ್ಕೇ ಕೊಟ್ರೇಶಿ ಕಟ್ಟಳೆ ಮಾಡಿದರು: ಕುರೋಇಡೊ ಬಿಡುಗಡೆಯ ದಿನ ಎಲ್ಲರೂ ಗುಂಪು ಬಿಡತಕ್ಕದ್ದು, ಆಟ ಮುಗಿಸದೆ ಮರಳಕೂಡದು, ಮರಳಿದ ಮೇಲೂ ಕೊನೆಯವನು ಮುಗಿಸುವ ತನಕ ತುಟಿ ಬಿಚ್ಚಕೂಡದು. ಎಲ್ಲರೂ ಹೆಬ್ಬೆರಳೆತ್ತಿದಿರಿ. ಕೊನೆಯವರು ಪುಷ್ಪಲತಾ ಅವರೇ ಆದರೆ ಏನು ಮಾಡುವುದು ಎಂದು ಯಾರೂ ಕೇಳಲಿಲ್ಲ. ಅಕ್ಕನಿಗೆ ಬೇರೆ ಯಾರಾದರೂ ಹೇಳುತ್ತಾರೆಂದು ಪ್ರತಿಯೊಬ್ಬರೂ ಅಂದುಕೊಂಡಿರಬೇಕು. ನಮ್ಮಲ್ಲೂ ಸಾರ್ವಜನಿಕ ನಲ್ಲಿಯನ್ನು ಹೀಗೆಯೇ ಯಾರೂ ರಿಪೇರಿ ಮಾಡುವುದಿಲ್ಲ.

ನಮ್ಮ ಪ್ರತಿಯ ಕೊನೆಯಲ್ಲಿ, ಅಕ್ಕನೊಬ್ಬರ ಹೊರತು, ಒಬ್ಬೊಬ್ಬರೇ ಗುಂಪು ತೊರೆದ ಸೂಚನೆಗಳಿವೆ. ಅವುಗಳ ಕೆಳಗೆ, ಮರುವಾರದ ತಾರೀಖಿನಲ್ಲಿ, ಪುಷ್ಪಲತಾ ಅವರ ಒಂದು ಸಾಲು: “ಇದ್ದೀರೇನ್ರೋ?” ಅದರ ಕೆಳಗೆ ಏನೂ ಇಲ್ಲ.

ಕಾಯೋಣ ಮುಗಿಯುವುದೂ ಹಾಗೆಯೇ. ಎಲ್ಲರೂ ಒಬ್ಬೊಬ್ಬರಾಗಿ ಎದ್ದು ಮೆಟ್ಟಿಲು ಹತ್ತಿ ಹೋಗುತ್ತಾರೆ. ಪುಷ್ಪಲತಾ ಆದವಳು ಖಾಲಿ ಅಂಗಳದಲ್ಲಿ ಕಣ್ಣು ಮುಚ್ಚಿ ಕೂತು ಆ ಸಾಲನ್ನು ಒಮ್ಮೆ ಕೂಗಬೇಕು. ಆಮೇಲೆ ತಾನಾಗಿಯೇ ಎದ್ದು ಹೋಗಬೇಕು. ಕೂಗಿ ನೋಡಿದವಳು ಹೇಳುತ್ತೇನೆ, ಅದು ಗುಮ್ಮನಿಗಿಂತ ದೊಡ್ಡ ಭಯ.

ಈ ವರ್ಷ ಕೊಟ್ರೇಶಿ ಆಗಿದ್ದವನು ಶರಭಣ್ಣ, ಕೆಳಪೇಟೆಯ ಗಾರೆ ಕೆಲಸದವನು. ನಾನು “ಇದ್ದೀರೇನ್ರೋ?” ಎಂದಾಗ ಬೆನ್ನ ಹಿಂದೆ ಯಾರೋ ಕೆಮ್ಮಿದರು. ಕಣ್ಣು ಬಿಟ್ಟರೆ ಶರಭಣ್ಣ. ಮೆಟ್ಟಿಲವರೆಗೆ ಹೋದವನು ತಿರುಗಿ ಬಂದು ಪಕ್ಕದಲ್ಲಿ ಕೂತಿದ್ದ. ಹರಟೆಯಲ್ಲಿ ಆ ಜಾಗದಲ್ಲಿ ಅವನಿಗೆ ಆಡಲು ಮಾತೇ ಇಲ್ಲ. ತಲೆ ಕೆರೆದುಕೊಂಡ, ಜೇಬಿನಿಂದ ಒಂದು ಹಿಡಿ ಮಂಡಕ್ಕಿ ತೆಗೆದು ನನ್ನ ಕೈಗೆ ಹಾಕಿದ. ಸಭೆಯ ಹಿರಿಯರು ಆಮೇಲೆ ಅವನನ್ನು ತರಾಟೆಗೆ ತೆಗೆದುಕೊಂಡರು: “ಹರಟೆಯಾಗೆ ಇಲ್ದಿದ್ದನ್ನ ಮಾಡ್ತೀಯೇನೋ?” ಅವನು ಹೇಳಿದ್ದಿಷ್ಟೇ: “ಸುಮ್ನೆ ಕುಂತೀನಿ ಕಣಜ್ಜ. ಒಂದಕ್ಷರ ಸೇರ್ಸಿದ್ರೆ ಕೇಳು.”

ಆ ಮಂಡಕ್ಕಿ ತಿನ್ನುತ್ತ ಈ ಕಾಗದ ಬರೆಯಲು ನಿರ್ಧರಿಸಿದೆ.

ಇದು ನಿಮ್ಮ ಕೈ ಸೇರುವಾಗ ಬಿಡುಗಡೆಗೆ ಇನ್ನೂ ಕೆಲವು ದಿನಗಳಿರುತ್ತವೆ. ದಾದಾಪೀರ್ ಅವರೇ, ನಿಮ್ಮ ಪಂಕ್ಚರ್ ಅಂಗಡಿಯಿಂದ ಅಕ್ಕನ ಮನೆಗೆ ಎರಡೇ ಬೀದಿಯೆಂದು ನೀವೇ ಬರೆದಿದ್ದೀರಿ. ಹೋಗಿ ಪಕ್ಕದಲ್ಲಿ ಕೂತು ಆಡಿ. ಕಂಡದ್ದನ್ನು ಬಾಯಲ್ಲಿ ಹೇಳುತ್ತ ಆಡಿ. ಸೌಂಡ್ ಬಂದ್ ಮಾಡಬೇಡಿ, ಅವರಿಗೆ ಉಳಿಯಲಿರುವುದು ಅದೇ. ಹೆದರಿಕೆಯಾದರೆ ಕೈ ಹಿಡಿದುಕೊಳ್ಳಲು ಅಕ್ಕ ಇರುತ್ತಾರೆ. ಕೊಟ್ರೇಶಿಯವರೇ, ಕಟ್ಟಳೆ ಮಾಡಿದವರಿಗೆ ಮುರಿಯುವ ಹಕ್ಕೂ ಇರುತ್ತದೆ. ನೀವು ಗುಂಪು ಬಿಡಬೇಡಿ.

ಕೊಡದಲ್ಲಿ ಏನಿತ್ತೆಂದು ನಮಗೆ ತಿಳಿಸಬೇಕಾಗಿಲ್ಲ. ಇಷ್ಟು ತಲೆಮಾರು ಜಗಳವಾಡಿದ್ದೇವೆ, ಇನ್ನಷ್ಟು ಆಡುತ್ತೇವೆ. ತಿಳಿದುಬಿಟ್ಟರೆ ಬಿಡುವು ಮಾಸ ಕಳೆಯುವುದು ಕಷ್ಟ. ಅದನ್ನು ಅಕ್ಕನ ಕಿವಿಯಲ್ಲಿ ಹೇಳಿ, ಬರೆಯಬೇಡಿ. ಬರೆಯಬೇಕಾದದ್ದು ಒಂದೇ. ಅವರು ಕೇಳುವ ಆ ಸಾಲಿನ ಕೆಳಗೆ “ಇದ್ದೀವಕ್ಕಾ” ಎಂದು ಹಾಕಿಬಿಡಿ. ನೀವು ಅಲ್ಲಿ ಬರೆದದ್ದು ಇಲ್ಲಿ ನಮ್ಮ ಪ್ರತಿಯಲ್ಲಿ ಮೂಡುತ್ತದೆಂದು ಬಲ್ಲವರಲ್ಲಿ ಅರ್ಧ ಜನ ಹೇಳುತ್ತಾರೆ, ಉಳಿದರ್ಧ ನಗುತ್ತಾರೆ. ಮೂಡದಿದ್ದರೂ ಚಿಂತೆಯಿಲ್ಲ, ಅಕ್ಕನಿಗೆ ತಲುಪಿರುತ್ತದೆ. ಮೂಡಿದರೆ, ಬರುವ ವರ್ಷ ಶರಭಣ್ಣನಿಗೆ ಆಡಲು ಒಂದು ಮಾತಿರುತ್ತದೆ.

ಇಂತು,
ಕೆಳಪೇಟೆಯ ನಿಂಗವ್ವ