ಸ್ಯಾಂಡಿ ಲಾರ್ಕಿ ಹೋದದ್ದು ಎಲ್ಲಿಗೆ

ಪೋರ್ಟ್ ಎರಿ,
೧೪ ಮಾರ್ಚ್ ೧೯೯೨, ಶನಿವಾರ

ಪ್ರೀತಿಯ ತಮ್ಮ ಜಾರ್ಡಿ,

ಹೇಗಿದ್ದೀಯೋ? ಉಕ್ಕಿನ ಕಾರ್ಖಾನೆಯ ಹೊಗೆ ಕುಡಿದು ಹಿಡಿದ ಆ ಕೆಮ್ಮು ಈ ಚಳಿಗಾಲದಲ್ಲಿ ಎಷ್ಟು ಕಾಡಿತೋ ಏನೋ. ಕಾರ್ಖಾನೆ ಮುಚ್ಚಿ ಇಷ್ಟು ವರ್ಷವಾದರೂ ಕೆಮ್ಮು ಬಿಟ್ಟಿಲ್ಲ ಎಂದು ನೀನೇ ಒಮ್ಮೆ ಬರೆದಿದ್ದೆ. ಎದೆಗೆ ಬೆಚ್ಚಗೆ ಸುತ್ತಿಕೋ, ನಾನು ಹೆಣೆದು ಕಳಿಸಿದ ನೀಲಿ ಸ್ವೆಟರ್ ಪೆಟ್ಟಿಗೆಯಲ್ಲಿ ಕೊಳೆಯುವುದಕ್ಕಲ್ಲ. ಹೋದ ಕ್ರಿಸ್‌ಮಸ್ಸಿಗೂ ಅದರ ಹಿಂದಿನದಕ್ಕೂ ನಿನ್ನಿಂದ ಕಾರ್ಡು ಬರಲಿಲ್ಲ. ಶಾಲೆಯಲ್ಲಿದ್ದಾಗಲೂ ನೀನು ಬರವಣಿಗೆ ಎಂದರೆ ಹೊಟ್ಟೆನೋವು ಎನ್ನುತ್ತಿದ್ದವನೇ ಅಲ್ಲವೇ, ಅದೇ ಇರಬೇಕು ಎಂದುಕೊಂಡು ಸುಮ್ಮನಿದ್ದೇನೆ. ನನಗೆ ಮಂಡಿನೋವು ಒಂದು ಬಿಟ್ಟರೆ ಮತ್ತೇನಿಲ್ಲ. ಅಮ್ಮನದ್ದು ಹೇಳಬೇಕು. ಹೊಸ ವರ್ಷದಿಂದ ಈಚೆಗೆ ಅವಳು ಮೆಟ್ಟಿಲಿಳಿದಿಲ್ಲ. ಕಿಟಕಿಯ ಪಕ್ಕಕ್ಕೆ ಮಂಚ ಎಳೆದು ಹಾಕಿದ್ದೇನೆ, ಬಂದರು ಕಾಣಲಿ ಎಂದು. ಹೊಗೆಮೀನಿನ ಸಾರು ಮಾಡಿಕೊಟ್ಟರೆ ಎರಡು ಚಮಚ ಕುಡಿದು ಉಪ್ಪು ಕಮ್ಮಿ ಎನ್ನುತ್ತಾಳೆ. ಹಾಗೆನ್ನುವ ಕಸುವು ಇರುವ ತನಕ ಹೆದರಬೇಕಾಗಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಈ ವಾರ ಅವಳು ಅದನ್ನೂ ಹೇಳಿಲ್ಲ.

ನೀನು ಒಮ್ಮೆ ಬಂದು ಅವಳ ಮುಖ ನೋಡಬೇಕು, ಅದನ್ನು ಕೇಳಲೆಂದೇ ಬರೆಯುತ್ತಿದ್ದೇನೆ. ಹಿಂದೆಲ್ಲ ಕೇಳಿದಾಗ ನೀನು ಏಕೆ ಬರಲಿಲ್ಲ ಎನ್ನುವುದು ನನಗೆ ಗೊತ್ತು. ಆ ದಿನ ಅಡುಗೆಮನೆಯಲ್ಲಿ ನಾನೂ ಇದ್ದೆನಲ್ಲ. ಅಣ್ಣ ಪೀಟರ್ ದೋಣಿಯಿಂದ ಕಡಲಿಗೆ ಬಿದ್ದು ತೀರಿಹೋಗಿ ಆಗಿನ್ನೂ ಮೂರು ತಿಂಗಳು. ಚುಕ್ಕಾಣಿ ನಿನ್ನ ಕೈಯಲ್ಲಿತ್ತು. ಅದಾದ ಮೇಲೆ ನೀನು ಬಂದರಿನ ತನಕ ಹೋಗಿ ಹಿಂತಿರುಗಿ ಬರುತ್ತಿದ್ದೆ, ದೋಣಿಗೆ ಕಾಲಿಡಲಿಲ್ಲ. ಕೊನೆಗೆ ಚೀಲ ಕಟ್ಟಿ ಹೊರಟಾಗ ಅಮ್ಮ ಒಲೆಯ ಕಡೆ ಮುಖ ಮಾಡಿಕೊಂಡೇ, "ಹೋಗು, ಓಡಿಹೋಗು. ಲಾರ್ಕಿ ಕಾಲು ನಿಂಗೆ ಬಂದಿದೆ" ಅಂದಳು. ಬೇರೆ ಮನೆಯಲ್ಲಾದರೆ ಅದೊಂದು ಮಾತೇ ಅಲ್ಲ. ನಮ್ಮ ಮನೆಯಲ್ಲಿ ಅದಕ್ಕಿಂತ ಕೆಟ್ಟ ಬೈಗುಳ ಇರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನೀನು ಸಮುದ್ರವೇ ಕಾಣದ ಕಾರ್ಬಿಯಂಥ ಊರನ್ನು ಹುಡುಕಿಕೊಂಡು ಹೋದೆ, ಇಪ್ಪತ್ತೊಂಬತ್ತು ವರ್ಷ ಈ ಹೊಸ್ತಿಲು ತುಳಿಯಲಿಲ್ಲ. ಆ ಬೈಗುಳದ ಬುಡವೇ ಸುಳ್ಳು ಎಂದು ನನಗೆ ಈಗ ತಿಳಿದಿದೆ ಜಾರ್ಡಿ. ಅದನ್ನು ಹೇಳುತ್ತೇನೆ, ಕೊನೆಯ ತನಕ ಓದು.

ಲಾರ್ಕಿಯ ಕತೆ ನಿನಗೂ ಬಾಯಿಪಾಠ. ಅಮ್ಮನ ತಾಯಿಯ ಅಪ್ಪ, ನಮಗೆ ಮುತ್ತಜ್ಜ, ಹೆಸರು ಅಲೆಕ್ಸಾಂಡರ್ ಸ್ಲೇಟರ್, ಕರೆಯುವುದು ಸ್ಯಾಂಡಿ ಎಂದು. ಈ ಊರಲ್ಲಿ ಕಲ್ಲೆಸೆದರೆ ಒಬ್ಬ ಸ್ಲೇಟರನಿಗೆ ತಗಲುತ್ತದೆ, ಅವನ ಹೆಸರು ಅಲೆಕ್ಸಾಂಡರ್ ಆಗಿರುತ್ತದೆ. ಅಡ್ಡಹೆಸರಿಲ್ಲದೆ ಹೋದರೆ ಹೆಂಡತಿಗೂ ತನ್ನ ಗಂಡ ಯಾರೆಂದು ತಿಳಿಯದು. ಇವನು ಹುಡುಗನಾಗಿದ್ದಾಗ ದೋಣಿಯ ಮೇಲೆ ಲಾರ್ಕ್ ಹಕ್ಕಿಯ ಹಾಗೆ ಸಿಳ್ಳೆ ಹಾಕಿ, ಗಾಳಿಯನ್ನು ಕರೆಯುತ್ತೀಯೇನೋ ಎಂದು ಅಪ್ಪನಿಂದ ಕಪಾಳಕ್ಕೆ ತಿಂದವನು. ಅದಕ್ಕೇ ಲಾರ್ಕಿ. ಆಗಸ್ಟ್ ತಿಂಗಳ ದೊಡ್ಡ ಬಿರುಗಾಳಿಗೆ ಇವನ ಇಬ್ಬರು ತಮ್ಮಂದಿರು ಹೋದರು. ಅದಾದ ಮೇಲೆ ಇವನು ದುಡಿಯಲಿಲ್ಲ. ಹೆಂಡತಿ ಬೆಲ್ ಬೆನ್ನ ಮೇಲೆ ಮೀನಿನ ಬುಟ್ಟಿ ಹೊತ್ತು ಊರೂರು ತಿರುಗುತ್ತಿದ್ದರೆ ಇವನು ಬಂದರಿನ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿರುತ್ತಿದ್ದ. ಒಂದು ದಿನ, ಭಾನುವಾರವಲ್ಲದ ದಿನ, ಭಾನುವಾರದ ಬೂಟು ಹಾಕಿಕೊಂಡು ಹೊರಟುಹೋದ. ಕೆನಡಾಕ್ಕೆ. ಅಲ್ಲಿ ಇನ್ನೊಬ್ಬಳನ್ನು ಕಟ್ಟಿಕೊಂಡ. ನಮ್ಮ ದೊಡ್ಡಮ್ಮಂದಿರು ಒಬ್ಬೊಬ್ಬರೂ ಒಂದೊಂದು ಸೇರಿಸಿದರು: ಒಬ್ಬಳು ಅವನಿಗೆ ಕುದುರೆ ಕೊಟ್ಟಳು, ಇನ್ನೊಬ್ಬಳು ಕೆಂಪುಗೂದಲ ಮಕ್ಕಳನ್ನು. ನಮ್ಮಲ್ಲಿ ಎರಡನೆಯ ಗಂಡುಮಗುವಿಗೆ ತಾಯಿಯ ಅಪ್ಪನ ಹೆಸರಿಡಬೇಕು. ನಮ್ಮ ಅಜ್ಜಿ ಆ್ಯನಿ ತನ್ನ ಅಪ್ಪನ ಹೆಸರನ್ನು ಮಗನಿಗೆ ಇಡಲಿಲ್ಲ. ಆಮೇಲೆ ನಮ್ಮ ಮನೆತನದಲ್ಲಿ ಒಬ್ಬನೂ ಸ್ಯಾಂಡಿ ಹುಟ್ಟಲಿಲ್ಲ.

ಈ ಜನವರಿಯಲ್ಲಿ ೧೮೯೧ರ ಜನಗಣತಿಯನ್ನು ಜನ ನೋಡಬಹುದು ಎಂದು ತೆರೆದರು. ನೂರು ವರ್ಷ ಅದಕ್ಕೆ ಬೀಗ. ಬುಧವಾರ ಬುಧವಾರ ಪಕ್ಕದ ಮನೆಯ ನ್ಯಾನ್‌ಳನ್ನು ಅಮ್ಮನ ಬಳಿ ಕೂರಿಸಿ ನಾನು ಬಸ್ಸು ಹತ್ತಿ ಪಟ್ಟಣದ ಲೈಬ್ರರಿಗೆ ಹೋಗತೊಡಗಿದೆ. ಒಳ್ಳೆಯ ಉದ್ದೇಶವೇನೂ ಇರಲಿಲ್ಲ ಬಿಡು. ಕೆನಡಾದ ಹಡಗು ಹತ್ತುವ ಮೊದಲು ಅವನು ಯಾವುದೋ ಬಂದರಿನಲ್ಲಿ ಆ ಇನ್ನೊಬ್ಬಳ ಜೊತೆ ಇದ್ದಿರಬೇಕು, ವಿಳಾಸ ಸಿಕ್ಕರೆ ಸರಿಯಾಗಿ ಹೆಸರು ಹಿಡಿದು ಬೈಯಬಹುದು ಎಂದು. ೧೮೮೧ರದ್ದು ಸುಲಭವಾಗಿ ಸಿಕ್ಕಿತು. ಬರೆದುಕೊಂಡವನಿಗೆ ನಮ್ಮ ಊರಿನ ಅಲೆಕ್ಸಾಂಡರುಗಳ ಕಾಟ ಸಾಕಾಗಿರಬೇಕು, ಪಕ್ಕದಲ್ಲಿ 'ಲಾರ್ಕಿ' ಎಂದೂ ಬರೆದುಬಿಟ್ಟಿದ್ದಾನೆ. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ೧೮೯೧ರಲ್ಲಿ ಅದೇ ಮನೆ, ಬೆಲ್ ಯಜಮಾನಿ, ಮೀನು ಮಾರುವವಳು. ಆದರೆ ಗಂಡ ಬಿಟ್ಟವಳು ಎಂದಾಗಲಿ ವಿಧವೆ ಎಂದಾಗಲಿ ಅವಳು ಬರೆಸಿಲ್ಲ, ವಿವಾಹಿತೆ ಎಂದೇ ಬರೆಸಿದ್ದಾಳೆ. ಹಟಮಾರಿ ಹೆಂಗಸು ಎಂದುಕೊಂಡೆ. ನಂತರ ಈ ಕರಾವಳಿಯ ಬಂದರುಗಳನ್ನೆಲ್ಲ ತಿರುವಿಹಾಕಿದೆ. ಅಲೆಕ್ಸಾಂಡರ್ ಸ್ಲೇಟರುಗಳು ರಾಶಿ ರಾಶಿ, ನಮ್ಮವನು ಮಾತ್ರ ಇಲ್ಲ. ಇನ್ನು ಸಾಕು ಎಂದುಕೊಂಡು ಸುಮ್ಮನೆ ಒಳನಾಡಿನ ಮೈಕ್ರೋಫಿಲ್ಮ್ ಸುರುಳಿಯೊಂದನ್ನು ತಿರುಗಿಸುತ್ತಿದ್ದೆ. ಕಿನ್‌ಲೂರಿನ ಹುಚ್ಚಾಸ್ಪತ್ರೆಯ ಪುಟ ಬಂತು. ಅಲ್ಲಿದ್ದವರ ಹೆಸರು ಬರೆದಿಲ್ಲ ಜಾರ್ಡಿ. ಮನೆಯವರ ಮಾನ ಕಾಯಲು ಬರೀ ಎರಡೆರಡು ಅಕ್ಷರ. ಎ. ಎಸ್., ಗಂಡಸು, ವಿವಾಹಿತ, ನಲವತ್ತನಾಲ್ಕು ವರ್ಷ, ಮೀನುಗಾರ, ಹುಟ್ಟಿದ್ದು ಪೋರ್ಟ್ ಎರಿ.

ಓಟ್ಸ್ ಬೆಳೆಯುವ ಊರಲ್ಲಿ ಒಬ್ಬ ಮೀನುಗಾರ. ಸುತ್ತ ಎಲ್ಲ ಕೂಲಿಯವರು, ಚಮ್ಮಾರರು, ಮನೆಗೆಲಸದವರು. ನನಗೆ ಕಣ್ಣು ತುಂಬಿ ಮುಂದಿನ ಸಾಲು ಕಾಣಲಿಲ್ಲ. ಬೈಯಲು ಹೋದವಳು ಅಷ್ಟು ಜನರ ನಡುವೆ ಕೂತು ಅತ್ತುಬಿಟ್ಟೆ.

ಎರಡು ಅಕ್ಷರ ಸಾಕ್ಷಿಯಾಗುವುದಿಲ್ಲ ಎಂದು ನೀನು ಹೇಳುತ್ತೀಯ. ನಾನೂ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡೆ. ಅಮ್ಮನಿಗೆ ಹೇಳಬಾರದು ಎಂದೂ ಅಂದುಕೊಂಡಿದ್ದೆ, ಆದರೆ ನನ್ನ ಮುಖ ನೋಡಿ ಅವಳೇ ಬಿಡಲಿಲ್ಲ. ಹೇಳಿದೆ. ಹುಚ್ಚಾಸ್ಪತ್ರೆ ಎಂದಾಗ ದಿಂಬಿಗೆ ಒರಗಿಕೊಂಡೇ ಇದ್ದಳು. ಕಿನ್‌ಲೂರು ಎಂದ ಕೂಡಲೆ ತಲೆ ಎತ್ತಿದಳು. ಅವಳು ಆರು ವರ್ಷದವಳಾಗಿದ್ದಾಗ ಬೆಲ್ ಅಜ್ಜಿ ಅವಳನ್ನು ಕೆಲವು ಸಲ ರೈಲಿನಲ್ಲಿ ಕಿನ್‌ಲೂರಿಗೆ ಕರೆದುಕೊಂಡು ಹೋಗಿದ್ದಳಂತೆ, ಮೀನು ಮಾರಲು. ಊರ ಹೊರಗೆ ಉದ್ದದ ಕಲ್ಲುಗೋಡೆ, ಅದಕ್ಕೊಂದು ಗೇಟು, ಗೇಟಿನ ಒಳಗೆ ಬೆಂಚು. ಅಲ್ಲಿ ಒಬ್ಬ ಮುದುಕ ಗಿರಾಕಿ ಕಾಯುತ್ತಿರುತ್ತಿದ್ದ. ಬುಟ್ಟಿಯಲ್ಲಿದ್ದ ಅತಿ ಒಳ್ಳೆಯ ಹೊಗೆಮೀನು ಅವನಿಗೆ. ಅವನು ಒಂದೊಂದೇ ಮುಳ್ಳು ತೆಗೆದು, ಮೊದಲ ತುಂಡು ಮಗುವಿನ ಬಾಯಿಗೆ ಇಡುತ್ತಿದ್ದ. ಬೇರೆ ಗಿರಾಕಿಗಳೊಡನೆ ಚೌಕಾಸಿ ಮಾಡಿ ಗಂಟಲು ಹರಿದುಕೊಳ್ಳುವ ಬೆಲ್ ಅಜ್ಜಿ ಅಲ್ಲಿ ಅವನ ಪಕ್ಕ ಸುಮ್ಮನೆ ಕೂತಿರುತ್ತಿದ್ದಳು. ಅವನ ಹೆಸರೇನು ಎಂದು ಕೇಳಿದ್ದಕ್ಕೆ ಮಗುವಿಗೆ ಒಂದು ಏಟೂ ಬಿತ್ತಂತೆ. ಇಷ್ಟು ಹೇಳಿ ಅಮ್ಮ ಹೊದಿಕೆ ಎಳೆದುಕೊಂಡಳು. ಆಮೇಲೆ ಕಿಟಕಿಯ ಕಡೆ ನೋಡುತ್ತಾ, "ಆ ಮುದುಕ ಸಿಳ್ಳೆ ಹಾಕ್ತಿದ್ದ ಕಣೇ ಎಲ್ಸಿ. ನಾನು ನಗ್ಲಿ ಅಂತ ಹಕ್ಕಿ ಥರ ಹಾಕ್ತಿದ್ದ. ಅವನ ಕೈಯಿಂದ ತಿಂದಿದ್ದೀನಿ ನಾನು" ಅಂದಳು.

ಎಂಬತ್ತು ವರ್ಷ ಯಾರನ್ನು ಶಪಿಸಿದಳೋ ಅವನ ಕೈತುತ್ತು ಉಂಡವಳು ಅವಳು. ಆ ದಿನ ಅವಳ ಮುಖ ನೋಡಲು ನನ್ನಿಂದ ಆಗಲಿಲ್ಲ.

ಈಗ ಒಂದೊಂದಾಗಿ ಅರ್ಥವಾಗುತ್ತಿದೆ. ಅವನು ಕಟ್ಟೆಯ ಮೇಲೆ ಕೂತದ್ದು ಸೋಮಾರಿತನಕ್ಕಲ್ಲ, ತಮ್ಮಂದಿರ ದೋಣಿ ಬರುತ್ತದೆ ಎಂದು. ಭಾನುವಾರದ ಬೂಟನ್ನು ಅವನು ತಾನಾಗಿ ಹಾಕಿಕೊಂಡಿರಲಾರ. ಇಗರ್ಜಿಗೆ ಹೋಗೋಣ ಬಾ ಎಂದು ಹೇಳಿ ಬೆಲ್ಲೇ ಲೇಸು ಕಟ್ಟಿರಬೇಕು, ಹೊರಗೆ ಗಾಡಿ ನಿಂತಿದ್ದಿರಬೇಕು. ಇದು ನನ್ನ ಊಹೆ. ಕೆನಡಾ ಎಂದು ಬೆಲ್ ಯಾವತ್ತೂ ಹೇಳಿರಲಿಲ್ಲವಂತೆ. ಅಮ್ಮನನ್ನು ಕೆದಕಿ ಕೆದಕಿ ಕೇಳಿದೆ. ಬೆಲ್ ಹೇಳುತ್ತಿದ್ದದ್ದು ಒಂದೇ ಮಾತು: "ಹೋಗಿದಾನೆ." ಎಲ್ಲಿಗೆ ಎಂದು ಒಬ್ಬರೂ ಕೇಳಲಿಲ್ಲ. ನಮ್ಮ ಊರಲ್ಲಿ ಮೀನುಗಾರನನ್ನು ಎಲ್ಲಿಗೆ ಹೊರಟೆ ಎಂದು ಕೇಳುವುದುಂಟೇ? ಕೇಳಿದರೆ ಅವನು ಆ ದಿನ ಬೂಟು ಬಿಚ್ಚಿ ಮನೆಯಲ್ಲಿ ಕೂರುತ್ತಾನೆ. ಅಪ್ಪ ಹೊರಟಾಗ ನಾವು ಮಕ್ಕಳು ಬಾಯಿ ಮುಚ್ಚಿಕೊಂಡು ಗೋಡೆಗೆ ಅಂಟಿಕೊಂಡಿರುತ್ತಿದ್ದದ್ದು ನೆನಪಿದೆಯೇ? ಅದೇ ರೂಢಿಯ ಮರೆಯಲ್ಲಿ ಬೆಲ್ ಬಚ್ಚಿಟ್ಟುಕೊಂಡಳು. ಉಳಿದ ಕತೆಯನ್ನು ಊರೇ ಕಟ್ಟಿತು, ಅವಳು ತಿದ್ದಲಿಲ್ಲ. ತಿದ್ದುವುದಾದರೂ ಹೇಗೆ? ಮನೆಯಲ್ಲಿ ಮದುವೆಗೆ ಇಬ್ಬರು ಹೆಣ್ಣುಮಕ್ಕಳು. ಓಡಿಹೋದವನ ಮಗಳೆಂದರೆ ಅಯ್ಯೋ ಪಾಪ ಎನ್ನುತ್ತಾರೆ, ಹುಚ್ಚನ ಮಗಳನ್ನು ಯಾರು ಮನೆ ತುಂಬಿಸಿಕೊಳ್ಳುತ್ತಾರೆ? ಮಕ್ಕಳ ಬಾಳು ನೇರ್ಪಾಗಲೆಂದು ಗಂಡನ ಹೆಸರನ್ನು ಊರಿನ ಬಾಯಿಗೆ ಹಾಕಿದಳು. ಗುಟ್ಟಾಗಿ ಅವನಿಗೆ ಮೀನು ಹೊತ್ತಳು. ಅಮ್ಮನಿಗೆ ಎಂಟಾದ ವರ್ಷ ಬೆಲ್ ಅಜ್ಜಿ ಕಿನ್‌ಲೂರಿನ ರೈಲು ಹತ್ತುವುದನ್ನು ಬಿಟ್ಟಳಂತೆ. ಕಾಲುನೋವು ಅಂದಳಂತೆ. ಆ ವರ್ಷವೇ ಅವನು ತೀರಿಕೊಂಡಿರಬೇಕು. ಎಲ್ಲಿ ಮಣ್ಣು ಮಾಡಿದರೋ ತಿಳಿಯದು.

ಇದನ್ನೆಲ್ಲ ಯಾಕೆ ಬರೆದೆ ಎಂದರೆ, ನಿನಗೆ ಲಾರ್ಕಿಯ ಕಾಲು ಬಂದಿರಲಿಲ್ಲ ಜಾರ್ಡಿ. ಅವನು ಯಾರನ್ನೂ ಬಿಟ್ಟು ಓಡಿಹೋದವನಲ್ಲ, ನೀನೂ ಅಲ್ಲ. ಪೀಟರ್ ಹೋದ ಆ ಮೂರು ತಿಂಗಳು ನಿನ್ನ ಕೈಯಲ್ಲಿ ಚಹಾದ ಬಟ್ಟಲು ನಿಲ್ಲುತ್ತಿರಲಿಲ್ಲ, ತಟ್ಟೆಗೆ ಚೆಲ್ಲುತ್ತಿತ್ತು. ಅಪ್ಪ, ಅಮ್ಮ, ನಾನು ಮೂವರೂ ಅದನ್ನು ನೋಡುತ್ತಾ ರೊಟ್ಟಿ ತಿನ್ನುತ್ತಿದ್ದೆವು. ಅಮ್ಮನಿಗೂ ಅದು ಕಂಡಿತ್ತು. ಒಬ್ಬ ಮಗನನ್ನು ನುಂಗಿದ ನೀರಿನ ಮೇಲೆ ಅವಳಿಗೆ ಸಿಟ್ಟು, ನೀರಿಗೆ ಬೈದರೆ ಏನು ಬಂತು, ನಿನಗೆ ಬೈದಳು. ಅವಳ ಬಾಯಿಂದ ತಪ್ಪಾಯಿತು ಎನ್ನುವ ಮಾತನ್ನು ನಿರೀಕ್ಷಿಸಬೇಡ, ಆ ಮಾತು ಅವಳಿಗೆ ಯಾರೂ ಕಲಿಸಿಲ್ಲ. ಆದರೆ ಮೊನ್ನೆ ಗುರುವಾರ ಕಣ್ಣುಮುಚ್ಚಿಕೊಂಡೇ "ಅವನು ಓಡಿಹೋಗಿರ್ಲಿಲ್ಲ" ಅಂದಳು. ಯಾರ ವಿಷಯ ಎಂದು ನಾನು ಕೇಳಲಿಲ್ಲ, ಈ ಊರಿನ ಹಾಳು ಅಭ್ಯಾಸ ನನಗೂ ಅಂಟಿದೆ. ಸ್ವಲ್ಪ ಹೊತ್ತಿಗೆ ಅವಳೇ, "ಹಿಂದಿನ ಕೋಣೆ ಹಾಸಿಗೆ ಹೊರಗೆ ಹಾಕು. ಮುಗ್ಗಲು ಹಿಡಿದಿರತ್ತೆ, ಅವನಿಗೆ ಮೊದಲೇ ಕೆಮ್ಮು" ಅಂದಳು. ಹಾಕಿದೆ. ಕಡಲ ಮಂಜು ಬಿಡದೆ ಎರಡು ದಿನ ಸರಿಯಾಗಿ ಒಣಗಲಿಲ್ಲ, ಈಗ ಒಲೆಯ ಮುಂದೆ ಇಟ್ಟಿದ್ದೇನೆ.

ರೈಲಿನಲ್ಲಿ ಬಾ. ನಿಲ್ದಾಣದಿಂದ ಬಸ್ಸಿದೆ, ಭಾನುವಾರ ಮಾತ್ರ ಇಲ್ಲ. ನಿನ್ನ ಎದೆಗೆ ಬೆಚ್ಚಗಿರಲಿ, ದಾರಿ ಸುಖವಾಗಿರಲಿ, ದೇವರ ಕೈ ನಿನ್ನ ತಲೆಯ ಮೇಲಿರಲಿ. ನ್ಯಾನ್ ನಿನ್ನನ್ನು ನೆನೆಸಿಕೊಂಡಳು. ನಿನಗೆ ಕೂದಲಿದೆಯೇ ಬಿದ್ದಿದೆಯೇ ಎಂದು ಕೇಳುತ್ತಿದ್ದಾಳೆ.

ನಿನ್ನ ಅಕ್ಕ,
ಎಲ್ಸಿ

ಮತ್ತೊಂದು ಮಾತು, ಅಂಚೆಯವನು ಬರುವ ಹೊತ್ತಾಯಿತು: ಎರಡು ವರ್ಷದಿಂದ ಈ ವಿಳಾಸಕ್ಕೆ ಬರೆದ ನನ್ನ ಕಾಗದಗಳಿಗೆ ಉತ್ತರವೂ ಇಲ್ಲ, ಅವು ಹಿಂದಕ್ಕೂ ಬಂದಿಲ್ಲ. ಇದನ್ನು ಒಡೆದು ಓದುತ್ತಿರುವವರು ಬೇರೆ ಯಾರಾದರೂ ಆಗಿದ್ದರೆ, ಸ್ವಾಮಿ, ಒಂದು ಸಾಲು ಬರೆಯಿರಿ. ನನ್ನ ತಮ್ಮನ ಪೂರ್ತಿ ಹೆಸರು ಜಾರ್ಜ್ ಫಿಂಡ್ಲೇ, ಎತ್ತರದ ಆಳು, ಬಲಗೈ ಕಿರುಬೆರಳು ಅರ್ಧ ಇಲ್ಲ, ಹೆಚ್ಚು ಮಾತಾಡುವವನಲ್ಲ. ಇದ್ದರೆ ದಯವಿಟ್ಟು ಈ ಕಾಗದ ಅವನ ಕೈಗೆ ಮುಟ್ಟಿಸಿ. ಇಲ್ಲವಾಗಿದ್ದರೂ ಬರೆಯಿರಿ, ಎಲ್ಲಿ ಮಲಗಿಸಿದ್ದೀರಿ ಎನ್ನುವುದನ್ನಾದರೂ. ಲಕೋಟೆಯ ಮೇಲೆ ಹೆಸರು ನನ್ನದೇ ಇರಲಿ, ಅಮ್ಮನದು ಬೇಡ. ಅವನು ಹೊರಟಿದ್ದಾನೆ ಎಂದು ಅವಳಿಗೆ ಹೇಳಿಬಿಟ್ಟಿದ್ದೇನೆ.